ಪೂಜೆಗೆ ಮೊದಲೇ ಬಿಸಿ

ವಯಸ್ಸಾದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುವುದುಂಟು. ನಮ್ಮ ಸೊಸೈಟಿಯಲ್ಲೇ ಒಬ್ಬರಿಗೆ ಪಾರಿವಾಳ ಓಡಿಸುವ ಹುಚ್ಚು, ಇನ್ನೊಬ್ಬರಿಗೆ ಬೆಳಿಗ್ಗೆ ಗಾರ್ಡನ್ನಿಗೆ ಹೋಗಿ ಹೋ ಹೋ ಎಂದು ನಗುವ ಹುಚ್ಚು. ನನ್ನ ಗಂಡನಿಗೆ ಹಿಡಿದದ್ದು ಮಣ್ಣು ಎತ್ತುವ ಗಾಡಿಯ ಹುಚ್ಚು. ಅದೂ ಹೊಸ ಗಾಡಿಯಲ್ಲ ಮಾರಾಯ್ರೆ, ನಮ್ಮ ಮದುವೆಗಿಂತ ಹಳೆಯದು.

ಅದಕ್ಕೆ ಮೊದಲಿನದ್ದನ್ನು ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯಲಿಕ್ಕಿಲ್ಲ. ಡೊಂಬಿವಲಿ ಸ್ಟೇಶನ್ನಿನ ಪಕ್ಕ ಇವರ ಹೋಟೆಲ್ ಇತ್ತು. ಲೀಲಾಧರಣ್ಣನ ಹೋಟೆಲ್ ಎಂದರೆ ರಿಕ್ಷಾದವರು ಮರುಮಾತಿಲ್ಲದೆ ತಂದು ಬಿಡುತ್ತಿದ್ದರು. ಕಟ್ಟಡ ಹಳೆಯದಾಯಿತೆಂದು ಬಿಲ್ಡರ್ ಕೆಡವಿದ. ಹೊಸ ಕಟ್ಟಡ ಎದ್ದಾಗ ಇವರ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಅಂದಿನಿಂದ ಇವರು ಹಾಲ್‌ನ ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕೂತರು ಎಂದರೆ ಕೂತೇ ಬಿಟ್ಟರು. ಹೋಟೆಲಿನ ಅಭ್ಯಾಸದಲ್ಲಿ ಬೆಳಕು ಹರಿಯುವ ಮೊದಲೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಬಂದು ಕೂರುವುದು. ಮಾತಿಲ್ಲ, ಕತೆಯಿಲ್ಲ.

ಸಾಂಬಾರಿಗೆ ಕೊತ್ತಂಬರಿ ಒಂದು ಚಿಟಿಕೆ ಕಡಿಮೆಯಾದರೆ ಭಟ್ಟರನ್ನು ನಿಲ್ಲಿಸಿ ಬೈಯುತ್ತಿದ್ದ ಮನುಷ್ಯ ಇದು. ಒಮ್ಮೆ ನಾನು ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿದೆ. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ಪೂರ್ತಿ ಉಂಡು, ಕೈತೊಳೆದು, ಹೋಗಿ ಕೂತರು. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ನನ್ನ ತಮ್ಮ ಜಯಶೀಲ ಬದಲಾಪುರದ ಆಚೆ ಗುಡ್ಡದ ಬುಡದಲ್ಲಿ ಒಂದು ತುಂಡು ಜಾಗ ಲೀಸಿಗೆ ತಗೊಂಡಿದ್ದ. ಅವನಿಗೆ ಪುರುಸೊತ್ತಿಲ್ಲ, ಭಾವ ನೀವೇ ನೋಡಿಕೊಳ್ಳಿ ಎಂದ. ಕರ್ಜತ್ ಲೋಕಲ್ ಹತ್ತಿಸಿ ಇವರನ್ನು ಎಳೆದುಕೊಂಡು ಹೋದೆ. ಅಲ್ಲಿ ಏನುಂಟು, ಕಲ್ಲು, ಮುಳ್ಳು, ಕೆಳಗೆ ನೀರು ಹರಿಯುವ ಒಂದು ತೋಡು. ಇವರು ಬಗ್ಗಿ ಒಂದು ಮುಷ್ಟಿ ಮಣ್ಣು ತೆಗೆದು ಮೂಸಿ ನೋಡಿದರು. ಆಮೇಲೆ, ಮಟ್ಟ ಮಾಡಿದರೆ ಇಲ್ಲಿ ಬಸಳೆ ಆಗುತ್ತದೆ, ಆ ಬದಿಗೆ ಅಲಸಂಡೆ ಹಾಕಬಹುದು ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತೋ. ನನಗೆ ಅಲ್ಲೇ ಅಳು ಬಂತು, ಕಣ್ಣಿಗೆ ಧೂಳು ಬಿತ್ತೆಂದು ಸುಳ್ಳು ಹೇಳಿದೆ.

ಆದರೆ ಮಟ್ಟ ಮಾಡುವುದು ಯಾರು? ಜಾಗಕ್ಕೆ ಹೋಗುವ ದಾರಿ ನಮ್ಮ ಅಡುಗೆಮನೆಯ ಬಾಗಿಲಿನಷ್ಟು. ಜೆಸಿಬಿಯವನು ಬಂದು ನೋಡಿ, ತೋಡಿನ ಕೆಸರಲ್ಲಿ ಟಯರು ಹೂತರೆ ಎತ್ತಲಿಕ್ಕೆ ಇನ್ನೊಂದು ಜೆಸಿಬಿ ಬೇಕು ಎಂದು ಬೀಡಿ ಸೇದಿ ವಾಪಸು ಹೋದ. ಅಷ್ಟಕ್ಕೆ ನಮ್ಮ ಮಗ ಮನೀಶ್ ಸುಮ್ಮನಿರಬೇಕೋ ಬೇಡವೋ? ಐರೋಲಿಯ ಆಫೀಸಿನಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಒಂದು ಫೋಟೋ ಹುಡುಕಿ ತೆಗೆದ. ಸಣ್ಣ ಗಾಡಿ, ಚಕ್ರದ ಬದಲು ಎರಡೂ ಬದಿಗೆ ಕಬ್ಬಿಣದ ಚೈನು, ಮುಂದೆ ಮಣ್ಣು ತೋಡಿ ಎತ್ತುವ ಬಕೆಟ್. ಚೈನ್ ಲೋಡರ್ ಅನ್ನುತ್ತಾರಂತೆ. ಕೆಸರಲ್ಲೂ ಹೂಳುವುದಿಲ್ಲ, ಸಂದಿಯಲ್ಲೂ ನುಗ್ಗುತ್ತದೆ. ಯಾವ ದೇಶದ್ದೋ, ಯಾವ ಕಾಲದ್ದೋ, ಕಂಪೆನಿಯ ಹೆಸರಿನ ತಗಡೂ ಬಿದ್ದುಹೋಗಿದೆ. ಇರುವುದು ಕಲ್ಯಾಣ್-ಶೀಲ್ ರಸ್ತೆಯ ಒಂದು ಗುಜರಿ ಅಂಗಳದಲ್ಲಿ. ಇದೆಲ್ಲ ಬೇಕಾ ಎಂದು ಮಗನಿಗೆ ಬೈದರೆ, 'ಮಮ್ಮಿ, ಪಪ್ಪಾ ಖುಶ್ ಹೈ ನಾ, ರೆಹನೇ ದೋ' ಎಂದ. ಖುಶ್ ಅಂತೆ, ಇರಲಿ ಬಿಡಬೇಕಂತೆ. ಇವನ ತಲೆ.

ನೋಡಲಿಕ್ಕೆ ಹೋದೆವು. ಅಂಗಳದ ಯಜಮಾನ ಪಾಂಡುಸೇಠ್, ಹಣೆಗೆ ಅಷ್ಟಗಂಧ, ಬಾಯಲ್ಲಿ ತಂಬಾಕು. ಇವರನ್ನು ಅಣ್ಣಾ ಎಂದ, ನನ್ನನ್ನು ಅತ್ತಿಗೆಯೆಂಬಂತೆ ವಹಿನಿ ಎಂದ, ಚಹಾ ತರಿಸಿದ. ನಾವು ರಿಕ್ಷಾ ಇಳಿಯುವಾಗಲೇ ಗಾಡಿ ಡುಗುಡುಗು ಎನ್ನುತ್ತಿತ್ತು. 'ನೋಡು ನಳಿನಾ, ನಾವು ಬರುತ್ತೇವೆಂದು ಬಿಸಿ ಮಾಡಿ ಇಟ್ಟಿದ್ದಾನೆ, ಮರ್ಯಾದಸ್ಥ' ಎಂದರು ಇವರು. ಗಿರಾಕಿಗೆ ತಣ್ಣಗಿನದ್ದು ಕೊಡಬಾರದು ಎನ್ನುವುದು ಹೋಟೆಲಿನವರ ಧರ್ಮ ಸರಿ. ಆದರೆ ಇಂಜಿನ್ ಎಂದರೆ ಇಡ್ಲಿಯಾ?

ಪರೀಕ್ಷೆ ಮಾಡಿದ ಚಂದ ಕೇಳಿ. ಬಕೆಟ್ಟನ್ನು ಬೆರಳಿನ ಗೆಣ್ಣಿನಲ್ಲಿ ಟಣ್ ಟಣ್ ಬಡಿದರು, ಪಾತ್ರೆ ಅಂಗಡಿಯಲ್ಲಿ ಕೊಪ್ಪರಿಗೆ ಬಡಿದ ಹಾಗೆ. ಆಯಿಲ್ ಕಡ್ಡಿ ಎಳೆದು ವಡೆ ಕರಿದ ಎಣ್ಣೆ ನೋಡುವಂತೆ ಎರಡು ಬೆರಳಲ್ಲಿ ತಿಕ್ಕಿ ಮೂಸಿ, ಹೊಸ ಎಣ್ಣೆ ಎಂದರು. ಹೊಸದಿರದೆ ಏನು, ನಮಗೆ ತೋರಿಸಲೆಂದೇ ಬದಲಿಸಿದ್ದು. ಎತ್ತಿ ನಿಲ್ಲಿಸಿದ ಬಕೆಟ್ ನಾವು ಚಹಾ ಕುಡಿದು ಮುಗಿಸುವುದರೊಳಗೆ ತನ್ನಷ್ಟಕ್ಕೇ ಇಳಿದು ನೆಲಕ್ಕೆ ಕೂತಿತು. ನೋಡಿ ಮಾರಾಯ್ರೆ, ನಿಲ್ಲುವುದಿಲ್ಲ ಅದು ಎಂದೆ. ಪಾಪ, ಅದಕ್ಕೂ ವಯಸ್ಸಾಯಿತು ಎಂದರು. ಚೈನ್ ಹೂವಿನ ಮಾಲೆಯಂತೆ ಜೋತು ಬಿದ್ದಿತ್ತು, ಬಿಗಿ ಮಾಡಿದರಾಯಿತು ಎಂದರು. ಸೀಟಿನ ಕೆಳಗೆ ಇಲಿ ಗೂಡು ಕಟ್ಟಿತ್ತು, ಅದಕ್ಕೂ ಒಂದು ಸಮಾಧಾನ ಇತ್ತು ಇವರ ಹತ್ತಿರ. ನನ್ನ ಮೈಯೆಲ್ಲ ಉರಿದುಹೋಯಿತು.

ಮುದಿ ಡೀಸೆಲ್ ಇಂಜಿನ್ನಿನ ಯೋಗ್ಯತೆ ತಿಳಿಯುವುದು ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ. ಬಿಸಿಯಿದ್ದರೆ ಎಂಥ ಡಬ್ಬವೂ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ. ಇದನ್ನು ನಾನು ಎಲ್ಲಿಯೂ ಓದಲು ಹೋಗಿಲ್ಲ. ಲೋಡ್‌ಶೆಡ್ಡಿಂಗಿನ ಕಾಲದಲ್ಲಿ ಹೋಟೆಲಿಗೆ ಒಂದು ಹಳೇ ಜನರೇಟರ್ ತಂದಿದ್ದರು. ಮಧ್ಯಾಹ್ನ ಬಂಗಾರ, ಬೆಳಿಗ್ಗೆ ಶನಿ. ಅದನ್ನು ಎಬ್ಬಿಸಲು ಇವರು ಪಟ್ಟ ಪಾಡು ಡೊಂಬಿವಲಿಗೆಲ್ಲ ಗೊತ್ತು. ಅದನ್ನೇ ಮರೆತು ಈಗ ಬಿಸಿ ಇಂಜಿನ್ ನೋಡಿ ಹಿಗ್ಗಿದರೆ ಏನು ಹೇಳುವುದು? ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಸೀಟು ಹತ್ತಿ ಕೂತು ಲಿವರ್ ಹಿಡಿದು ನಕ್ಕರು. ಹಲ್ಲು ಕಾಣುವಂತೆ ನಕ್ಕರು. ತೆರೆದ ಬಾಯಿ ಮುಚ್ಚಿದೆ. ಅಲ್ಲೇ ಮುಂಗಡದ ಟೋಕನ್ ಕೊಟ್ಟಾಯಿತು.

ಕೊಟ್ಟ ಮೇಲೆ ಇವರೊಂದು ಷರತ್ತು ಹಾಕಿದರು. ನಮ್ಮಲ್ಲಿ ಕೈಗೆ ಬಂದ ಯಂತ್ರವನ್ನು ಪೂಜೆಯಾಗದೆ ಸ್ಟಾರ್ಟ್ ಮಾಡುವ ಕ್ರಮವಿಲ್ಲ. ಹೋಟೆಲಿಗೆ ತಂದ ಗ್ರೈಂಡರು, ಫ್ರಿಜ್ಜು, ಆ ದರಿದ್ರ ಜನರೇಟರ್ ಸಮೇತ ಎಲ್ಲದಕ್ಕೂ ಮೊದಲು ಕುಂಕುಮ, ಹೂವು, ತೆಂಗಿನಕಾಯಿ, ಆಮೇಲೇ ಸ್ವಿಚ್ಚು. ಇಷ್ಟರವರೆಗೆ ಅದು ನಿಮ್ಮ ಗಾಡಿ, ಇವತ್ತಿನಿಂದ ನಮ್ಮದು, ಶುಕ್ರವಾರ ಬೆಳಿಗ್ಗೆ ಬಂದು ಪೂಜೆ ಮಾಡುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದು ಎಂದರು. ಪಾಂಡುಸೇಠ್ ಎರಡೂ ಕಿವಿ ಮುಟ್ಟಿಕೊಂಡು, ದೇವರ ಕೆಲಸ ಅಣ್ಣಾ, ಕೀ ನನ್ನ ಜೇಬಿನಲ್ಲೇ ಇರುತ್ತದೆ ಎಂದ.

ಶುಕ್ರವಾರ ಇವರು ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿ, ಮದುಮಗನ ಹಾಗೆ ಹೊರಟರು. ನಾನು ರೇಷ್ಮೆ ಸೀರೆ ಉಡಲೇಬೇಕಂತೆ. ಗುಜರಿ ಅಂಗಳಕ್ಕೆ ರೇಷ್ಮೆ ಸೀರೆ! ಕಾಯಿ, ಹೂವು, ಚೈನಿನ ಅಡಿಗೆ ಇಡಲು ನಿಂಬೆಹಣ್ಣು, ಎಲ್ಲ ಹೊತ್ತುಕೊಂಡು ಹೋದೆವು. ಗಾಡಿ ತಗಡಿನ ಮಾಡಿನ ಕೆಳಗೆ ನಿಂತಿತ್ತು, ಬಿಸಿಲು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಸದ್ದಿಲ್ಲ, ಹೊಗೆಯಿಲ್ಲ. ಪಾಂಡುಸೇಠ್ ಚಪ್ಪಲಿ ಬಿಟ್ಟು ಕೈ ಜೋಡಿಸಿ ನಿಂತಿದ್ದ. ಮಾತಿಗೆ ತಕ್ಕಂತೆ ನಡೆದನಲ್ಲ ಎಂದು ನನಗೂ ಅನಿಸಿತು. ಇವರು ದೀಪ ಹಚ್ಚಿ, ನಳಿನಾ, ಕುಂಕುಮ ಇಡು ಎಂದರು.

ಬಾನೆಟ್ಟಿಗೆ ಕುಂಕುಮ ಹಚ್ಚಲು ಎಡಗೈ ಊರಿದೆ. ಚುರ್ ಎಂದಿತು.

ಆಗಷ್ಟೇ ಒಲೆಯಿಂದ ಇಳಿಸಿದ ದೋಸೆಕಲ್ಲಿನಷ್ಟು ಬಿಸಿ. ನಾವು ಬರುವ ಮೊದಲು ಎಷ್ಟು ಹೊತ್ತು ಹೆಣಗಿ ಎಬ್ಬಿಸಿ, ಕಾಯಿಸಿ, ರಿಕ್ಷಾದ ಸದ್ದು ಕೇಳಿ ಬಂದ್ ಮಾಡಿದ್ದನೋ ಏನೋ. ಮುಟ್ಟಿದವರಿಗೆ ಗೊತ್ತಾಗುತ್ತದೆ ಎಂದು ಆ ಮನುಷ್ಯನಿಗೆ ಹೊಳೆಯಲಿಲ್ಲ. ಬಾಯಿಗೆ ಬಂದ ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು. ತಿರುಗಿ ನೋಡಿದರೆ ಇವರು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾರೆ, ತುಟಿ ಅಲುಗುತ್ತಿದೆ. ಈಗ ನಾನು ಬಾಯಿ ಬಿಟ್ಟರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಇಸ್ತ್ರಿ ಅಂಗಿ, ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಉಪ್ಪಿಲ್ಲದ ಸಾರು. ಹಲ್ಲು ಕಚ್ಚಿಕೊಂಡು ಕುಂಕುಮ ಹಚ್ಚಿದೆ. ಹೂವು ಇಟ್ಟೆ. ಅದು ಅಲ್ಲೇ ಬಾಡತೊಡಗಿತು.

'ಬಿಸಿ ಉಂಟಾ?' ಎಂದರು ಇವರು. ಯಾವಾಗ ಕಣ್ಣು ಬಿಟ್ಟಿದ್ದರೋ.

'ಇಲ್ಲವಲ್ಲ' ಎಂದೆ.

'ಉಂಟು' ಎಂದರು. 'ಮೊದಲ ದಿನವೂ ಇತ್ತು. ನಮ್ಮ ಜನರೇಟರ್ ನಾನು ಮರೆತಿದ್ದೇನಾ?'

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಇವರ ಮನಸ್ಸು ಮುರಿಯಬಾರದೆಂದು ನಾನು ನುಂಗಿದ್ದೆಷ್ಟು, ಇಲ್ಲಿ ಕೈ ಸುಟ್ಟುಕೊಂಡು ಸುಳ್ಳು ಹೇಳಿದ್ದೇನು, ಎಲ್ಲ ಗೊತ್ತಿದ್ದೂ ಏನೂ ಅರಿಯದವರ ಹಾಗೆ ಕೈಮುಗಿದು ನಿಂತದ್ದೇನು. ಗೊತ್ತಿದ್ದರೆ ಯಾಕೆ ಟೋಕನ್ ಕೊಟ್ಟಿರಿ, ಬೇಡ ಈ ಹಾಳಾದ್ದು, ನಡೆಯಿರಿ ಮನೆಗೆ ಎಂದು ಕಾಯಿ ಹಣ್ಣು ಎಲ್ಲ ಚೀಲಕ್ಕೆ ತುರುಕತೊಡಗಿದೆ. ಪಾಂಡುಸೇಠ್ ಗಾಬರಿಯಾಗಿ ವಹಿನಿ, ವಹಿನಿ ಎನ್ನುತ್ತಿದ್ದ.

ಇವರು ಅಲುಗಲಿಲ್ಲ. ಶಲ್ಯದ ತುದಿಯಿಂದ ಗಾಡಿಯ ಲಿವರ್ ಒರೆಸುತ್ತಿದ್ದರು.

'ಮನೆಗೆ ಹೋಗಿ ಏನು ಮಾಡುವುದು, ನಳಿನಾ?'

ಸಣ್ಣ ಸ್ವರದಲ್ಲಿ ಕೇಳಿದರು. ಉತ್ತರ ನನ್ನ ಹತ್ತಿರ ಉಂಟು ಎಂದು ನಂಬಿ ಕೇಳಿದ ಹಾಗಿತ್ತು. ನನ್ನ ಕೈಯಲ್ಲಿ ನಿಂಬೆಹಣ್ಣಿತ್ತು. ಅದನ್ನು ಚೀಲಕ್ಕೆ ಹಾಕಿ, ಚೀಲವನ್ನು ನೆಲಕ್ಕಿಟ್ಟೆ.

ಬಂದ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ, ಪಾಂಡುಸೇಠನ ಕಡೆ ತಿರುಗಿದೆ. ನನ್ನ ಮರಾಠಿ ತರಕಾರಿ ಮಾರ್ಕೆಟ್ಟಿನದ್ದು, ಅವನಿಗೆ ಅಷ್ಟು ಸಾಕಾಯಿತು. ದೇವರ ಹೆಸರಿನಲ್ಲಿ ಕಿವಿ ಮುಟ್ಟಿದವನು ನೀನು, ಈಗ ನಾನು ಹೇಳಿದ್ದನ್ನು ಕೇಳು ಎಂದೆ. ಇವರು ದಿನಾ ಬೆಳಿಗ್ಗೆ ಇಲ್ಲಿಗೆ ಬರುತ್ತಾರೆ. ನಿನ್ನ ಮಿಸ್ತ್ರಿ ಇವರ ಎದುರಿಗೆ ಗಾಡಿ ಬಿಚ್ಚಬೇಕು. ತಣ್ಣಗಿರುವಾಗ ಸ್ಟಾರ್ಟ್ ಆಗುವ ದಿನ ಗಾಡಿ ನಮ್ಮದು, ಅಲ್ಲಿಯವರೆಗೆ ನಿನ್ನದು. ಆಗುವುದಿಲ್ಲ ಎನ್ನುವುದಾದರೆ ಈಗಲೇ ಟೋಕನ್ ವಾಪಸು ಕೊಡು. ಅವನು ತಲೆ ಕೆರೆದುಕೊಂಡು, ಆಯಿತು, ಅಣ್ಣನಿಗೊಂದು ಕುರ್ಚಿ ಹಾಕಿಸುತ್ತೇನೆ ಎಂದ. ಕುರ್ಚಿ ಮಾತ್ರ ಬೇಡ ಎಂದೆ.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಬೆಳಗಾಗುವ ಮೊದಲೇ ಊಟದ ಡಬ್ಬಿ ಆಗಬೇಕು. ಮಿಸ್ತ್ರಿಗೂ ಸೇರಿಸಿ ಕಟ್ಟು ಎಂಬ ಅಪ್ಪಣೆ ಬೇರೆ. ಪಂಚೆಯ ಕಾಲ ಮುಗಿದು ಹಳೇ ಪ್ಯಾಂಟು ಬಂತು, ಅದರ ಗ್ರೀಸು ವಾಶಿಂಗ್ ಮಶೀನಿಗೆ ಬಂತು, ಅಲ್ಲಿಂದ ನನ್ನ ನೈಟಿಗೆ ಬಂತು. ಮಣ್ಣು ಹೊರುವ ಗಾಡಿಯ ಪುರಾಣ ಊಟಕ್ಕೆ ಕೂತರೂ ಮುಗಿಯುವುದಿಲ್ಲ. ಇಂಜಿನ್ ತಣ್ಣಗಿರುವಾಗ ಒಳಗಿನ ಗಾಳಿ ಕಾಯಿಸಲಿಕ್ಕೆಂದು ಹೀಟರ್ ಪ್ಲಗ್ ಇರುತ್ತದಂತೆ, ಅದು ಸುಟ್ಟುಹೋಗಿದೆಯಂತೆ, ಈ ಗಾಡಿಯ ಪ್ಲಗ್ ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲವಂತೆ. ಉಲ್ಹಾಸನಗರದ ಲೇತ್ ಅಂಗಡಿಗಳನ್ನೆಲ್ಲ ಸುತ್ತಿ, ಯಾವುದೋ ಜೀಪಿನ ಪ್ಲಗ್ಗಿಗೆ ಹೊಸ ಆಟೆ, ಅಂದರೆ ತಿರುಪಿನ ಗೆರೆ, ಕಡಿಸಿ ತಂದರು. ಆ ದಿನ ಊಟದ ನಡುವೆ ತಟ್ಟೆಯಿಂದ ತಲೆ ಎತ್ತಿ, ಸಾರಿಗೆ ಉಪ್ಪು ಕಡಿಮೆ, ನಾಲಿಗೆ ಉಂಟೋ ಇಲ್ಲವೋ ನಿನಗೆ ಎಂದು ಬೈದರು. ಉಪ್ಪಿನ ಡಬ್ಬ ತರುವ ನೆವದಲ್ಲಿ ಒಳಗೆ ಹೋಗಿ ಸ್ವಲ್ಪ ಹೊತ್ತು ಅಡುಗೆಮನೆಯಲ್ಲೇ ನಿಂತೆ.

ಮಳೆಗಾಲ ಇನ್ನೇನು ಬಂತು ಎನ್ನುವಾಗ ಒಂದು ಬೆಳಿಗ್ಗೆ ಅಂಗಳದಿಂದಲೇ ಫೋನ್ ಮಾಡಿದರು. ರೇಷ್ಮೆ ಸೀರೆ ಉಟ್ಟು ಬಾ, ಕಾಯಿ ತಾ ಎಂದರು. ಮತ್ತೆ ಸೀರೆಯಾ ಎಂದು ರೇಗಿದೆ. ರಾತ್ರಿಯಿಂದ ಯಾರೂ ಮುಟ್ಟಿಲ್ಲ, ನಾನೇ ಮುಟ್ಟಿಲ್ಲ, ನೀನು ಬಂದು ಕೈಯಿಟ್ಟು ನೋಡಬೇಕು ಎಂದರು.

ಹೋದೆ. ಇವರು ಸೀಟಿನ ಮೇಲೆ ಕೂತಿದ್ದರು. ಪಾಂಡುಸೇಠ್ ದೂರ ನಿಂತಿದ್ದ, ಈ ಸಲ ಕಿವಿ ಮುಟ್ಟಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಊರಿದೆ. ಬೆಳಗಿನ ಜಾವದ ನಲ್ಲಿ ನೀರಿನ ಹಾಗೆ ತಣ್ಣಗಿತ್ತು. ಕುಂಕುಮ ಇಟ್ಟೆ, ಚೈನಿನ ಅಡಿಗೆ ನಿಂಬೆಹಣ್ಣು ಇಟ್ಟೆ. ಇವರು ನನ್ನ ಮುಖ ನೋಡಿಕೊಂಡೇ ಕೀ ತಿರುಗಿಸಿದರು. ಕೊಂಯ್ ಕೊಂಯ್ ಎಂದು ನಿಂತಿತು. ಇನ್ನೊಮ್ಮೆ ತಿರುಗಿಸಿದರು, ಕೆಮ್ಮಿ ನಿಂತಿತು. ಮೂರನೆಯ ಸಲಕ್ಕೆ ಅಂಗಳವೆಲ್ಲ ನಡುಗುವಂತೆ ಹೊತ್ತಿಕೊಂಡು ಒಂದು ರಾಶಿ ಕರೀ ಹೊಗೆಯನ್ನು ನೇರ ನನ್ನ ಸೀರೆಯ ಮೇಲೆ ಉಗುಳಿತು.

ಮದುವೆಯ ಸೀರೆ ಅದು. ಕಣ್ಣು ಉರಿಯುತ್ತಿತ್ತು, ಬಾಯಿಗೆ ಬಂದಂತೆ ಬೈದೆ, ಗಾಡಿಗೂ ಬೈದೆ, ಗಂಡನಿಗೂ ಬೈದೆ. ಆ ಸದ್ದಿನಲ್ಲಿ ಇವರಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕೈ ಬೀಸಿ, ಪಕ್ಕಕ್ಕೆ ಸರಿ, ನನಗೆ ಕೆಲಸ ಉಂಟು ಎಂದು ಕೂಗಿದರು.