ನೊಹ್ರಾ ಓದಿ ಮುಗಿಸದ ದೂರು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ನಲವತ್ತೊಂದು ವರ್ಷ ಬೈರೂತಿನ ಮೇಲಿನ ಬೆಟ್ಟದ ಈ ಊರಿನ ಶಾಲೆಯಲ್ಲಿ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸಿದವಳು ನಾನು. ಮೊದಲು ಪೀಠಿಕೆ, ಆಮೇಲೆ ವಿಷಯ, ಕೊನೆಗೆ ಉಪಸಂಹಾರ. ತಪ್ಪಿದವರ ಹಾಳೆಯ ಮೇಲೆ ಕೆಂಪು ಶಾಯಿ. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದಿದರೆ ನನ್ನ ಮೇಲೆ ಸೇಡು ತೀರಿಸಿಕೊಳ್ಳಬಹುದು. ತೀರಿಸಿಕೊಳ್ಳಲಿ.

ಸುದ್ದಿ ಬಂದ ದಿನದಿಂದಲೇ ಶುರು ಮಾಡುತ್ತೇನೆ.

ಅಂದು ಭಾನುವಾರ. ಮರುದಿನ ಬೂದಿ ಸೋಮವಾರ (ನಮ್ಮ ಚರ್ಚಿನಲ್ಲಿ ಬುಧವಾರವಲ್ಲ), ಉಪವಾಸ ಕಾಲದ ಮೊದಲ ದಿನ. ಮಾಂಸ ತಿನ್ನುವುದಕ್ಕೆ ಅದೇ ಕೊನೆಯ ಮಧ್ಯಾಹ್ನ. ನಾನು ಅಡುಗೆಮನೆಯಲ್ಲಿ ಮಾಂಸಕ್ಕೆ ಗೋಧಿನುಚ್ಚು ಕಲಸಿ ಕಿಬ್ಬೆ ಉಂಡೆ ಕಟ್ಟುತ್ತಿದ್ದೆ. ಮೂರೂವರೆಯ ಹೊತ್ತಿಗೆ ವದೀಹ್ ಬಾಗಿಲಲ್ಲಿ ಬಂದು ನಿಂತ. ಮೇಲಿನ ಸ್ಕೀ ರೆಸಾರ್ಟಿನಲ್ಲಿ ಜನರನ್ನು ಹಿಮದ ಬೆಟ್ಟದ ತುದಿಗೆ ಒಯ್ಯುವ ಲಿಫ್ಟ್ ನಡೆಸುವವನು, ನನ್ನ ಹಳೆಯ ವಿದ್ಯಾರ್ಥಿ. ಟೋಪಿ ಕೈಯಲ್ಲಿತ್ತು. ಪೀಠಿಕೆ ಬರೆಯಲು ಅವನಿಗೆ ಶಾಲೆಯಲ್ಲಿದ್ದಾಗಲೂ ಬರುತ್ತಿರಲಿಲ್ಲ.

"ಟೀಚರ್, ಸ್ವಲ್ಪ ಕೂತ್ಕೊಳ್ಳಿ."

"ಕೈಯೆಲ್ಲ ಮಾಂಸ ಆಗಿದೆ ಕಣೋ. ನಿಂತೇ ಕೇಳ್ತೀನಿ, ಹೇಳು."

"ನೊಹ್ರಾ ಅಣ್ಣ ಹೋಗ್ಬಿಟ್ರು."

"ಎಲ್ಲಿಗೆ?"

(ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಅಸಹಜ ಎಂದು ಅಂಚಿನಲ್ಲಿ ಗೀಚುತ್ತಿದ್ದೆ. ಆದರೆ ನಾನು ಕೇಳಿದ್ದು ಅದನ್ನೇ.)

ನೊಹ್ರಾ ನನ್ನ ತಮ್ಮ. ಅರವತ್ತಾರು ವರ್ಷ, ಅದೇ ರೆಸಾರ್ಟಿನಲ್ಲಿ ಕೆಲಸ. ನಾವಿಬ್ಬರೂ ಮದುವೆಯಾದವರಲ್ಲ, ಒಂದೇ ಮನೆಯಲ್ಲಿ ಬದುಕಿದವರು. ವದೀಹ್ ಹೇಳಿದ್ದು ತಲೆಗೆ ಇಳಿದ ಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ. "ಜೊತೆಯಲ್ಲಿ ಯಾರಿದ್ರು?"

"ಯಾರೂ ಇರ್ಲಿಲ್ವಂತೆ ಟೀಚರ್. ದೂರು ಕೇಳೋ ಆ ಗೂಡಲ್ಲಿ ಒಬ್ರೇ. ಬಾಗ್ಲು ಒಳಗಿಂದ ಹಾಕಿತ್ತಂತೆ. ಆಂಬುಲೆನ್ಸಿನೋರು ಒಡೆದ್ರು. ನಾನು ಮೇಲಿನ ಸ್ಟೇಷನ್ನಿಂದ ಇಳಿದು ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು." ಟೋಪಿಯನ್ನು ಕೈಯಲ್ಲಿ ತಿರುವುತ್ತಾ ಮತ್ತೆ ಹೇಳಿದ. "ಅದಕ್ಕೆ ಮುಂಚೆ ಯಾವಳೋ ಹೆಂಗಸು ಅವರ ಮೇಲೆ ಕಿರುಚಾಡ್ತಾ ಇದ್ಲಂತೆ. ಕ್ಯೂನಲ್ಲಿದ್ದೋರೆಲ್ಲ ಹಾಗೇ ಹೇಳ್ತಾರೆ."

ನಮ್ಮ ತಾಯಿ ಹೋಗುವಾಗ ಒಂದು ಕೈಯನ್ನು ನಾನು, ಇನ್ನೊಂದನ್ನು ಅವನು ಹಿಡಿದುಕೊಂಡಿದ್ದೆವು. ಕಿವಿಯ ಹತ್ತಿರ ಪ್ರಾರ್ಥನೆ ಹೇಳುತ್ತಿದ್ದೆವು. ಅವನ ಕಿವಿಯ ಹತ್ತಿರ ಯಾರೂ ಇರಲಿಲ್ಲ. ಓದುಗರೇ, ನನಗೆ ಈ ಕಥೆಯಲ್ಲಿ ಬೇಕಾದದ್ದು ಇಷ್ಟೇ. ಅವನು ಒಬ್ಬನೇ ಹೋದನೇ? ಉಳಿದದ್ದೆಲ್ಲ ತುಂಬುವುದಕ್ಕೆ ಬರೆದದ್ದು.

೨ (ಕೈಬಿಟ್ಟ ಮೊದಲ ಕರಡು)

ಈ ಕರಡಿನಲ್ಲಿ ಅಪರಾಧಿ ರೆಸಾರ್ಟ್. ಅದರ ಹೆಸರು ಬರೆಯುವುದಿಲ್ಲ, ನನಗೆ ವಕೀಲರಿಲ್ಲ. ಆ ಭಾನುವಾರ ಏಳು ಲಿಫ್ಟುಗಳಲ್ಲಿ ಓಡುತ್ತಿದ್ದದ್ದು ಎರಡು. ಟಿಕೆಟ್ ಮಾತ್ರ ಏಳಕ್ಕೂ ಸೇರಿಸಿ, ತಲೆಗೆ ಎಂಬತ್ತು ಡಾಲರ್. ಕಾರು ನಿಲ್ಲಿಸುವುದಕ್ಕೆ ಬೇರೆ, ಶೌಚಾಲಯಕ್ಕೆ ಬೇರೆ. ಮೈದಾನದ ಮೇಲೆ ಹಿಮಕ್ಕಿಂತ ಜನ ಹೆಚ್ಚು. ಬೈರೂತಿನ ಅರ್ಧ ಊರು ಬಣ್ಣಬಣ್ಣದ ಕೋಟು ಹಾಕಿಕೊಂಡು ಕೆಸರಿನಲ್ಲಿ ನಿಂತು, ಬಾರದ ಲಿಫ್ಟಿಗೆ ಕಾಯುತ್ತಿತ್ತು. ಅಂಗರಕ್ಷಕರಿದ್ದವರ ಮಕ್ಕಳು ಮಾತ್ರ ಕ್ಯೂ ದಾಟಿ ಮುಂದೆ ಹೋಗುತ್ತಿದ್ದರು.

ಇದರ ಕೋಪವೆಲ್ಲ ಹೋಗಿ ಬೀಳುತ್ತಿದ್ದದ್ದು ನನ್ನ ತಮ್ಮನ ಮೇಲೆ.

ಮೊದಲು ಅವನೂ ಲಿಫ್ಟ್ ನಡೆಸುತ್ತಿದ್ದ. ಮೊಣಕಾಲು ಸೋತ ಮೇಲೆ ಅವನನ್ನು ಒಂದು ಪ್ಲೈವುಡ್ ಗೂಡಿನಲ್ಲಿ ಕೂರಿಸಿ, ಮೇಲೆ ಕಸ್ಟಮರ್ ಸರ್ವಿಸ್ ಎಂದು ಬೋರ್ಡು ಹಾಕಿದರು. ಗಾಜಿನಲ್ಲಿ ಅರ್ಧಚಂದ್ರಾಕಾರದ ಒಂದು ತೂತು, ಕೈ ಹಾಕುವಷ್ಟು. ಒಳಗೆ ನುಗ್ಗಿ ಮೇಜು ಗುದ್ದುವವರು ಹೆಚ್ಚಾದ ಮೇಲೆ ಅವನು ಬಾಗಿಲಿಗೆ ಚಿಲಕ ಹಾಕಿಕೊಳ್ಳುತ್ತಿದ್ದ. ಕೆಲಸಕ್ಕೆ ಅವನದೇ ಒಂದು ಕ್ರಮವಿತ್ತು. ಗಿರಾಕಿ ಹೇಳಿದ್ದನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಒಂದು ಮಾತೂ ಬಿಡದೆ ಬರೆದುಕೊಳ್ಳುವುದು. ಬೈಗುಳವಿದ್ದರೆ ಅದನ್ನೂ. ಆಮೇಲೆ ಮೊದಲಿಂದ ಕೊನೆಯವರೆಗೆ ಅವರಿಗೇ ಗಟ್ಟಿಯಾಗಿ ಓದಿ ಹೇಳಿ, "ಸರಿಯಾಗಿ ಬರ್ಕೊಂಡಿದ್ದೀನಾ?" ಎಂದು ಕೇಳುವುದು. ತಮ್ಮದೇ ಬೈಗುಳ ಅಷ್ಟು ಮರ್ಯಾದೆಯ ದನಿಯಲ್ಲಿ ವಾಪಸು ಬಂದಾಗ ಹೆಚ್ಚಿನವರು ನಾಚಿಕೊಂಡು, "ಆ ಒಂದು ಮಾತು ಹೊಡೆದು ಹಾಕಿ" ಎನ್ನುತ್ತಿದ್ದರಂತೆ.

"ಅದನ್ನ ಮೇಲಿನೋರು ಯಾರಾದ್ರೂ ಓದ್ತಾರಾ?" ಎಂದು ಒಮ್ಮೆ ಕೇಳಿದ್ದೆ.

"ಇಲ್ಲ ಅಕ್ಕ. ಆದ್ರೆ ನಾನು ಓದ್ತೀನಲ್ಲ."

ಈ ಕರಡನ್ನು ಇಲ್ಲಿಗೇ ಬಿಟ್ಟೆ. ಸಿಟ್ಟು ಚೆನ್ನಾಗಿಯೇ ಬಂದಿತ್ತು. ಆದರೆ ರೆಸಾರ್ಟಿಗೆ ಮುಖವಿಲ್ಲ, ಮುಖವಿಲ್ಲದ್ದನ್ನು ಬೈದು ನನಗೆ ನೆಮ್ಮದಿಯಾಗಲಿಲ್ಲ.

೩ (ಇದನ್ನೂ ಕೈಬಿಟ್ಟಿದ್ದೇನೆ, ನಾಚಿಕೆಯಿಂದ)

ಮುಖ ಬೇಕಾಗಿತ್ತು. ಆದ್ದರಿಂದ ಸಂತಾಪದ ಎರಡನೆಯ ರಾತ್ರಿಯೇ ಆ ಕಿರುಚಿದ ಹೆಂಗಸನ್ನು ಸೃಷ್ಟಿಸಿದೆ. ಕೆಂಪು ಕೋಟು, ತುಪ್ಪಳದ ಕಾಲರು, ಗಾಜಿಗೆ ತಾಗಿ ಟಕಟಕ ಎನ್ನುವ ಉಗುರು. ಅವಳು ಕಿರುಚುತ್ತಾಳೆ, ಅವನ ಎದೆ ಒಡೆಯುತ್ತದೆ, ಅವಳು ತಿರುಗಿಯೂ ನೋಡದೆ ಹೋಗುತ್ತಾಳೆ. ಪಕ್ಕದ ಮನೆಯ ಉಮ್ಮ್ ಅಸ್ಸಾಫಳಿಗೆ ಇದು ಬಹಳ ಹಿಡಿಸಿತು. ಸಂತಾಪದ ಮೂರು ದಿನವೂ ಚರ್ಚಿನ ಸಭಾಂಗಣದಲ್ಲಿ ಕಾಫಿ ಕಾಯಿಸಿದವಳು ಅವಳೇ.

"ಇನ್ನೂ ಬರಿ," ಎಂದಳು. "ಅವಳಿಗೆ ಒಂದು ನಾಯಿಮರಿ ಕೊಡು. ಕೋಟಿನೊಳಗೆ ಇಟ್ಕೊಂಡಿರೋ ಥರದ್ದು."

ನಾಯಿಮರಿಯನ್ನೂ ಬರೆದೆ. ದೇವರು ಕ್ಷಮಿಸಲಿ.

೪

ಸಂತಾಪದ ಮೂರನೆಯ ದಿನ, ಸಂಜೆಗೆ ಮುಂಚೆ, ನಮಗೆ ಪರಿಚಯವಿಲ್ಲದ ಒಬ್ಬಾಕೆ ಸಭಾಂಗಣಕ್ಕೆ ಬಂದಳು. ನಲವತ್ತೈದರ ಹತ್ತಿರದ ವಯಸ್ಸು, ಬೂದು ಬಣ್ಣದ ಹಳೆಯ ಕೋಟು, ಕತ್ತರಿಸಿದ ಉಗುರು. ಹೆಂಗಸರ ಸಾಲಿನಲ್ಲಿ ಎಲ್ಲರ ಕೈ ಮುಟ್ಟಿ ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಅವನ ಹಳೆಯ ಗಿರಾಕಿ ಯಾರೋ ಇರಬೇಕು ಎಂದುಕೊಂಡೆ. ಉಮ್ಮ್ ಅಸ್ಸಾಫ್ ಸಕ್ಕರೆಯಿಲ್ಲದ ಕಾಫಿ ಕೊಟ್ಟಳು. ಆಕೆ ಒಂದೇ ಗುಟುಕಿಗೆ ಕುಡಿದು, ಬಟ್ಟಲನ್ನು ತಟ್ಟೆಗಿಟ್ಟು, "ದಾಯ್ಮೆ" ಎಂದಳು.

ಕಾಫಿ ಕುಡಿದ ಮೇಲೆ ದಿನಾ ಹತ್ತು ಸಲ ಬಾಯಿಗೆ ಬರುವ ಮಾತು ಅದು. ಈ ಮನೆಯಲ್ಲಿ ಇಂಥ ಕಾಫಿ ಎಂದೆಂದೂ ಸಿಗುತ್ತಿರಲಿ ಎಂಬ ಹಾರೈಕೆ. ಸಾವಿನ ಕಾಫಿಗೆ ಮಾತ್ರ ಯಾರೂ ಹಾಗೆ ಹಾರೈಸುವುದಿಲ್ಲ. ಮೂರು ವರ್ಷದ ಮಗುವಿಗೂ ಅದು ಗೊತ್ತು.

ಸಭಾಂಗಣದಲ್ಲೆಲ್ಲ ಜಪಮಾಲೆಗಳು ನಿಂತವು.

"ಇನ್ನೆಷ್ಟು ಹೆಣ ಬೇಕಮ್ಮ ನಿಂಗೆ?" ಎಂದಳು ಉಮ್ಮ್ ಅಸ್ಸಾಫ್. "ಲೆಕ್ಕ ಹೇಳಿಬಿಡು, ಅಷ್ಟು ಕಾಫಿಪುಡಿ ತರಿಸಿ ಇಟ್ಟಿರ್ತೀನಿ."

ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು. "ಸಾರಿ," ಎಂದಳು. "ಮೂರು ದಿನದಿಂದ ನಿದ್ದೆ ಇಲ್ಲ. ಏನು ಮಾತಾಡ್ತಿದ್ದೀನೋ ಗೊತ್ತಾಗ್ತಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ನಾನು ಹಿಯಾಮ್. ಬೈರೂತಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದೀನಿ. ಆ ಕಿರುಚಿದ ಹೆಂಗಸು ನಾನೇ ಅಮ್ಮ."

(ನಿಜ ಹೇಳುತ್ತೇನೆ. ಆ ಕ್ಷಣ ನನಗೆ ಅನಿಸಿದ್ದು ಕೋಪವಲ್ಲ. ಛೇ, ಕೋಟಿನ ಬಣ್ಣ ತಪ್ಪಾಯಿತಲ್ಲ ಎಂದು.)

೫

ಆಕೆ ಹೇಳಿದ್ದನ್ನು ನೊಹ್ರಾನ ಕ್ರಮದಲ್ಲಿಯೇ, ಏನನ್ನೂ ಸೇರಿಸದೆ ಬರೆಯುತ್ತೇನೆ.

"ಮಗಳಿಗೆ ಹಿಮ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ ಅಮ್ಮ. ಬೆಳಗಾಗೋ ಮುಂಚೆ ಹೊರಟ್ವಿ. ಮಧ್ಯಾಹ್ನದವರೆಗೂ ಕ್ಯೂನಲ್ಲಿ ನಿಂತ್ರೂ ಒಂದು ಸಲವೂ ಮೇಲೆ ಹೋಗ್ಲಿಲ್ಲ. ಜೊತೆಗಿದ್ದ ನನ್ನ ತಂಗಿ, ಮಗಳನ್ನ ಕಾರಿಗೆ ಕರ್ಕೊಂಡು ಹೋದ್ಲು, ನಾನು ಗೂಡಿನ ಹತ್ರ ಹೋದೆ. ಎಲ್ಲ ಹೇಳಿದೆ. ಕೆಟ್ಟದಾಗೇ ಹೇಳಿದೆ. ಅವರು ಬರ್ಕೊಂಡ್ರು. ಆಮೇಲೆ ಓದೋಕೆ ಶುರು ಮಾಡಿದ್ರು. ಟಿಕೆಟ್ಟಿಂದು ಓದಿದ್ರು, ಕ್ಯೂಂದು ಓದಿದ್ರು. 'ಹನ್ನೆರಡು ಡಾಲರಿನ ಕರಿದ ಆಲೂಗಡ್ಡೆ ತಣ್ಣಗೆ' ಅಂದ್ರು, ನಿಲ್ಲಿಸಿಬಿಟ್ರು. ನಾನು, ನನ್ನ ಬಾಯಿಗೆ ಬೆಂಕಿ ಹಾಕ, 'ಏನಜ್ಜ, ಓದೋಕೂ ಬೇಜಾರಾ, ನಿದ್ದೆ ಬಂತಾ' ಅಂದೆ."

ಖಾಲಿ ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡಳು.

"ಆಮೇಲೆ ಮುಖ ನೋಡಿದೆ. ದಿನಾ ಕಾಯಿಲೆಯೋರನ್ನ ನೋಡೋಳು ನಾನು, ಗೊತ್ತಾಯ್ತು. ಬಾಗಿಲು ತಳ್ಳಿದೆ, ಬರ್ಲಿಲ್ಲ. ಗಾಜಿನ ತೂತಲ್ಲಿ ಕೈ ಹಾಕಿದೆ. ಅವರು ಗಟ್ಟಿಯಾಗಿ ಹಿಡ್ಕೊಂಡ್ರು. ಬಿಡ್ಲೇ ಇಲ್ಲ. ಬಿಡಿಸ್ಕೊಂಡು ಓಡೋಕೆ ಮನಸ್ಸು ಬರ್ಲಿಲ್ಲ ಅಮ್ಮ. ಅದಕ್ಕೇ ಅಲ್ಲೇ ನಿಂತು ಕಿರುಚಿದೆ, ಯಾರಾದ್ರೂ ಬನ್ನಿ ಅಂತ. ಕ್ಯೂನಲ್ಲಿದ್ದೋನೊಬ್ಬ ತಿರುಗಿ ನೋಡಿ, 'ನಾವೂ ಕಾಯ್ತಿದ್ದೀವಿ ಮೇಡಂ, ನೀವೊಬ್ರೇ ಅಲ್ಲ' ಅಂದ. ನಾನು ಇನ್ನೂ ದೂರು ಹೇಳ್ತಿದ್ದೀನಿ ಅಂದ್ಕೊಂಡಿದ್ರು ಎಲ್ಲರೂ. ಬೆಳಗ್ಗಿಂದ ಎಲ್ಲರೂ ಕಿರುಚ್ತಾನೇ ಇದ್ರಲ್ಲ."

"ಎಷ್ಟು ಹೊತ್ತು ಹಿಡ್ಕೊಂಡಿದ್ದೆ?" ಎಂದು ಕೇಳಿದೆ.

"ಕೊನೇವರೆಗೂ. ಹತ್ತು ನಿಮಿಷ ಇರಬಹುದು. ನನ್ನನ್ನೇ ನೋಡ್ತಿದ್ರು. ಆಮೇಲೆ ಯಾರೋ ಕರೆದಿರಬೇಕು, ಆಂಬುಲೆನ್ಸಿನೋರು ಬಂದು ನನ್ನನ್ನ ಪಕ್ಕಕ್ಕೆ ತಳ್ಳಿದ್ರು, ಯಾರೂ ಏನೂ ಕೇಳ್ಲಿಲ್ಲ." ತಲೆ ತಗ್ಗಿಸಿದಳು. "ಇನ್ನೊಂದು ವಿಷಯ. ಅವರ ಕುತ್ತಿಗೇಲಿ ಶಿಲುಬೆ ಇತ್ತು. ನಂಗೆ ನಿಮ್ಮ ಪ್ರಾರ್ಥನೆ ಬರಲ್ಲ. ನಮ್ಮಪ್ಪ ಹೋಗುವಾಗ ಕುರಾನಿನಿಂದ ಓದಿದ್ದನ್ನೇ ಓದಿದೆ. ತಪ್ಪಾಯ್ತಾ?"

"ಪೂರ್ತಿ ಓದಿದ್ಯಾ?"

"ಓದಿದೆ. ಎರಡು ಸಲ."

"ಹಾಗಾದ್ರೆ ಸರಿ," ಎಂದೆ.

ಎದ್ದು ಹೋಗಿ ಅವಳ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಹಬ್ಬದ ದಿನ ಪಾದ್ರಿಯ ಕೈಗೆ ಮುತ್ತಿಡುವ ಹಾಗೆ ಮುತ್ತಿಟ್ಟೆ. ಅವಳು ಗಾಬರಿಯಾಗಿ ಎಳೆದುಕೊಳ್ಳಲು ನೋಡಿದಳು. ನಾನೂ ಬಿಡಲಿಲ್ಲ.

ಉಮ್ಮ್ ಅಸ್ಸಾಫ್ ಇನ್ನೊಂದು ಬಟ್ಟಲು ತಂದಿಟ್ಟಳು. ಕಣ್ಣೊರೆಸಿಕೊಂಡು, ಗದರುವ ದನಿಯಲ್ಲೇ ಹೇಳಿದಳು. "ತಗೋ, ಕುಡಿ. ಈ ಸಲ ಕುಡಿದು ಬಾಯಿ ಮುಚ್ಕೊಂಡಿರು ಮಾರಾಯ್ತಿ."

ಮೂರು ದಿನಗಳಲ್ಲಿ ಮೊದಲ ಸಲ ನನಗೆ ನಗು ಬಂತು.

೬

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಪಾತ್ರಗಳು ಸುಮ್ಮನಿರುವುದಿಲ್ಲ.

ಹಿಯಾಮಳಿಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ, ನೊಹ್ರಾ ಗಿರಾಕಿಗಳಿಗೆ ಹೇಳುತ್ತಿದ್ದ ಹಾಗೆ. "ಕೋಟು ಹಳೇದಲ್ಲ ಅಮ್ಮ, ಹೋದ ವರ್ಷದ್ದು," ಎಂದಳು. "ಮತ್ತೆ ಆಲೂಗಡ್ಡೆ ನಿಜಕ್ಕೂ ತಣ್ಣಗಿತ್ತು. ಅದನ್ನ ಮಾತ್ರ ತೆಗೀಬೇಡಿ."

ಉಮ್ಮ್ ಅಸ್ಸಾಫ್ ನಾಯಿಮರಿಯ ಮಾತು ತನ್ನದಲ್ಲವೆಂದು ಆಣೆ ಮಾಡುತ್ತಾಳೆ. ಅವಳದೇ.

ಹೆಚ್ಚು ಜಗಳವಾಡಿದವನು ನೊಹ್ರಾ. ಸಾಯುವಾಗ ಅವನ ಬಾಯಲ್ಲಿ ಬಂದ ಕೊನೆಯ ಮಾತು ಕರಿದ ಆಲೂಗಡ್ಡೆಯದ್ದು. ಇದು ನನಗೆ ಸಹಿಸಲಾಗಲಿಲ್ಲ. ಮೊನ್ನೆ ಬೆಳಿಗ್ಗೆ ಆ ವಾಕ್ಯ ಹೊಡೆದುಹಾಕಿ, ಅವನು 'ಓ ಮರಿಯಮ್ಮ' ಎಂದು ಉಸಿರೆಳೆದ ಎಂದು ಬರೆದೆ. ಬರೆದ ಕೂಡಲೇ ಅವನು ಎದುರಿನ ಕುರ್ಚಿಯಲ್ಲಿ ಬಂದು ಕೂತ.

"ಅಕ್ಕ, ಇದೇನಿದು?"

"ನಿನ್ನ ಒಳ್ಳೇದಕ್ಕೇ ಕಣೋ."

"ಜನ ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಂಡೋನು ನಾನು. ನನ್ನ ಮಾತನ್ನ ನೀನು ತಿದ್ದುತ್ತೀಯಾ?"

"ದೇವರ ಮುಂದೆ ನಿಂತಾಗ ಬಾಯಲ್ಲಿ ಆಲೂಗಡ್ಡೆ ಇಟ್ಕೊಂಡು ನಿಂತೆ ಅಂತ ಬರೀಲಾ?"

"ನಾನೇನಂದೆ ಅಂತ ಅವನಿಗೆ ಗೊತ್ತಿಲ್ವಾ? ಒಬ್ಬ ಹೆಣ್ಣುಮಗಳು ಬೇಜಾರು ಹೇಳ್ಕೊಂಡ್ಲು. ಕೇಳ್ತಾ ಇದ್ದೆ. ಅಷ್ಟೇ ತಾನೇ?"

ಹೊಸ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಹಳೆಯ ವಾಕ್ಯವನ್ನೇ ಮತ್ತೆ ಬರೆದೆ. ಜೀವಮಾನದಲ್ಲಿ ನನ್ನ ಹಾಳೆಯ ಮೇಲೆ ಬಿದ್ದ ಮೊದಲ ಕೆಂಪು ಶಾಯಿ ಅದು.

ಈಗ ನಾನು ಬರೆಯಬೇಕಾದದ್ದು, ಬರೆಯಲು ಸಂಕೋಚವಾಗುವುದು, ಇದು. ಆ ದುಬಾರಿ ಟಿಕೆಟ್ಟಿಗೆ ನಾನು ಕೃತಜ್ಞಳು. ಕೆಟ್ಟು ನಿಂತ ಐದು ಲಿಫ್ಟುಗಳಿಗೆ, ಆ ನೂಕುನುಗ್ಗಲಿಗೆ, ತಣ್ಣಗಿನ ಆಲೂಗಡ್ಡೆಗೆ ಕೃತಜ್ಞಳು. ಆ ದಿನ ಎಲ್ಲವೂ ಸರಿಯಾಗಿದ್ದಿದ್ದರೆ ಹಿಯಾಮ್ ಮಗಳ ಜೊತೆ ಬೆಟ್ಟದ ಮೇಲೆ ನಗುತ್ತಿರುತ್ತಿದ್ದಳು, ನನ್ನ ತಮ್ಮ ಚಿಲಕ ಹಾಕಿದ ಗೂಡಿನಲ್ಲಿ ಒಬ್ಬನೇ ಇರುತ್ತಿದ್ದ. ಅವಳ ಅತೃಪ್ತಿ ಅವಳನ್ನು ಆ ಕಿಟಕಿಯ ಮುಂದೆ ನಿಲ್ಲಿಸಿತು. ಇದನ್ನು ಪಾದ್ರಿಗೆ ಹೇಳಿದೆ. ರೆಸಾರ್ಟಿನವರಿಗೆ ಮಾತ್ರ ಹೇಳಬೇಡಿ, ಟಿಕೆಟ್ ಇನ್ನೂ ಏರಿಸುತ್ತಾರೆ, ಎಂದರು.

೭ (ಕೊನೆಗಳು)

ಒಂದು ಕೊನೆ: ರೆಸಾರ್ಟಿನ ಮ್ಯಾನೇಜರ್ ಆ ನೋಟ್‌ಬುಕ್ಕುಗಳನ್ನೆಲ್ಲ ಕೂತು ಓದುತ್ತಾನೆ, ಅಳುತ್ತಾನೆ, ದರ ಇಳಿಸುತ್ತಾನೆ. ಇದನ್ನು ಓದಿ ವದೀಹ್ ಎಷ್ಟು ನಕ್ಕನೆಂದರೆ ನಾನೇ ಹರಿದುಹಾಕಿದೆ.

ಇನ್ನೊಂದು: ಹಿಯಾಮ್ ಪ್ರತಿ ಭಾನುವಾರ ಬರುತ್ತಾಳೆ, ನನಗೆ ಮಗಳಾಗುತ್ತಾಳೆ. ಆಸೆಯೇನೋ ಇದೆ. ಆದರೆ ಅವಳು ಇದುವರೆಗೆ ಎರಡು ಸಲ ಮಾತಾಡಿದ್ದಾಳೆ, ಅದರಲ್ಲಿ ಒಂದು ಸಲ ಕೋಟಿನ ವಿಷಯ.

ಮತ್ತೊಂದು: ನಾನು ಬೆಟ್ಟ ಹತ್ತಿ ಹೋಗಿ ಆ ಗೂಡಿನಲ್ಲಿ ಕೂತು ದೂರು ಕೇಳುತ್ತೇನೆ. ಇದನ್ನು ಬರೆಯುತ್ತಿರುವಾಗಲೇ ಗೊತ್ತಾಯಿತು, ಗೂಡು ತೆಗೆದಿದ್ದಾರೆ. ಅಲ್ಲಿ ಒಂದು ಪರದೆ, ಅದರ ಮೇಲೆ ನಗುವುದರಿಂದ ಅಳುವವರೆಗೆ ಐದು ಮುಖ. ಬೇಕಾದದ್ದನ್ನು ಒತ್ತಿ ಹೋಗಬೇಕಂತೆ.

ಇವುಗಳಲ್ಲಿ ಯಾವುದನ್ನೂ ನಾನು ಆರಿಸುವುದಿಲ್ಲ. ಮುಂದಿನ ವಾರ ಅವನು ಹೋದ ನಲವತ್ತನೆಯ ದಿನದ ಪೂಜೆ. ಹಿಯಾಮ್ ಬರುತ್ತೇನೆ ಎಂದಿದ್ದಾಳೆ. ಬಂದರೆ ಮೊದಲ ಸಾಲಿನಲ್ಲಿ ಕೂರಿಸುತ್ತೇನೆ, ಬಾರದಿದ್ದರೆ ಆ ಜಾಗ ಖಾಲಿ ಇರುತ್ತದೆ. ಎರಡರಲ್ಲಿ ಯಾವುದಾದರೂ ನನ್ನ ಕೃತಜ್ಞತೆ ಕಡಿಮೆಯಾಗುವುದಿಲ್ಲ. ಉಪಸಂಹಾರವಿಲ್ಲದ್ದಕ್ಕೆ ಅಂಕ ಕಳೆಯುವವರು ಕಳೆಯಲಿ. ನಾನು ಪೆನ್ನು ಇಟ್ಟು ಮೊಣಕಾಲೂರುತ್ತಿದ್ದೇನೆ.

ಕರ್ತನೇ, ಎರಡು ಧರ್ಮಗಳ ಬಾಯಿಂದ ಬಂದ ಪ್ರಾರ್ಥನೆಯನ್ನು ಒಂದೇ ಎಂದು ಕೇಳಿಸಿಕೋ. ನನ್ನ ತಮ್ಮನನ್ನು ನಿನ್ನ ಹತ್ತಿರ ಇಟ್ಟುಕೋ. ಅವನ ತಪ್ಪುಗಳಿದ್ದರೆ ಮನ್ನಿಸು. ಅವನ ದಣಿವು ಇಳಿಯಲಿ, ಅವನ ಆತ್ಮಕ್ಕೆ ಶಾಂತಿ ಸಿಗಲಿ. ಆಮೆನ್.