ಅಮ್ಮ ಓದಿದ ಸಿನಿಮಾ

ಸಿನಿಮಾ ಪರದೆಯ ಮೇಲೆ ಅಣ್ಣ ಮೊದಲ ಸಲ ಬಾಯಿ ತೆರೆದಾಗ ಹೇಳಿದ ಮಾತು, "ಅಮ್ಮಾ, ಮಂಡಿ ಊತ ಇಳೀತಾ?" ಅಂತ. ಆಗ ಅವನು ಸೈನಿಕನ ವೇಷದಲ್ಲಿ ಕೋಟೆಯ ಮೇಲೆ ನಿಂತಿದ್ದ. ಅದು ಮೂಕಿ ಚಿತ್ರಗಳ ಕಾಲ. ಮರುಕ್ಷಣವೇ ಪರದೆಯ ಮೇಲೆ ಅಕ್ಷರ ಮೂಡಿತು. ಓದು ಬಾರದವರಿಗಾಗಿ ಆ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವವನೊಬ್ಬ ಥಿಯೇಟರಿನಲ್ಲಿ ಇರುತ್ತಿದ್ದ. ಅವನು ಗಂಟಲು ಹರಿದುಕೊಂಡು, "ವೈರಿಗಳೇ, ನನ್ನ ಹೆಣ ದಾಟಿ ಒಳಗೆ ಬನ್ನಿ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ಮೆಲ್ಲಗೆ ತನ್ನ ಮಂಡಿ ನೀವಿಕೊಂಡಳು. ಕಣ್ಣಾರೆ ನೋಡಿದೆ. ನೋಡಿಯೂ ಒಂಬತ್ತು ವರ್ಷ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ನಾನು ಹುಟ್ಟಿದ ವರ್ಷ ಬಂದ ಜ್ವರ ಎರಡೂ ಕಿವಿಗಳನ್ನು ಕಿತ್ತುಕೊಂಡು ಹೋಗಿತ್ತು. ಮಾತು ಉಳಿದಿತ್ತು, ಆದರೆ ಏರಿಳಿತವಿಲ್ಲದ ದನಿ. ಓದುಬರಹ ಮೊದಲಿನಿಂದಲೂ ಇರಲಿಲ್ಲ. ತುಟಿ ಓದುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಎದುರುಮನೆ ಹೆಂಗಸರು ಯಾರನ್ನು ಆಡಿಕೊಳ್ಳುತ್ತಿದ್ದಾರೆಂದು ನಮ್ಮ ಕಿಟಕಿಯಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ಅವಳಿಗೆ ಓದಲಾಗದ್ದು ಅಪ್ಪನ ಬಾಯಿ ಒಂದೇ. ಅಪ್ಪನ ಮೀಸೆ ಹಳೇ ಪೊರಕೆಯ ಹಾಗೆ ತುಟಿ ಮುಚ್ಚಿ ಇಳಿಬಿದ್ದಿತ್ತು. ಹಾಗಾಗಿ ಗಂಡ ಹೆಂಡಿರ ನಡುವೆ ನಾನೇ ದುಭಾಷಿ. "ಉಪ್ಪು ಜಾಸ್ತಿ ಅಂತ ಹೇಳೇ ನಿಮ್ಮಮ್ಮನಿಗೆ" ಎನ್ನುವುದರಿಂದ ಹಿಡಿದು ಎಲ್ಲ ಜಗಳವನ್ನೂ ನಾನೇ ಆ ಕಡೆಯಿಂದ ಈ ಕಡೆಗೆ ದಾಟಿಸಬೇಕಿತ್ತು.

ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣನಿಗೆ ಆ ಕಷ್ಟವಿರಲಿಲ್ಲ. ಊಟಕ್ಕೆ ಕೂತಾಗ ಅಪ್ಪನ ಬೆನ್ನ ಹಿಂದಿನಿಂದ, ದನಿಯೇ ಇಲ್ಲದೆ, ಬರೀ ತುಟಿ ಹುಬ್ಬು ಕುಣಿಸಿ ಅಮ್ಮನಿಗೆ ಏನೇನೋ ಹೇಳುತ್ತಿದ್ದ. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಏನೆಂದು ಕೇಳಿದರೆ ಇಬ್ಬರೂ ಹೇಳುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ವಿದ್ಯೆಯೇ ಅವನಿಗೆ ಅನ್ನ ಕೊಟ್ಟಿತು. ಅಣ್ಣ ಒಂದು ಟೋಪಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಅಂಗಡಿಯ ಗಾಜಿನ ಒಳಗಡೆ ನಿಂತು, ಹೊರಗಿದ್ದ ಗಾಡಿಯವನಿಗೆ ಯಜಮಾನನ ಜಿಪುಣತನವನ್ನು ಮುಖದಲ್ಲೇ ವರ್ಣಿಸುತ್ತಿದ್ದನಂತೆ. ರಸ್ತೆಯಾಚೆ ನಿಂತಿದ್ದ ಒಬ್ಬ ನಿರ್ದೇಶಕ ಹೊಟ್ಟೆ ಹಿಡಿದುಕೊಂಡು ನಕ್ಕು, ಒಳಗೆ ಬಂದು, "ನಮ್ಮ ಕಂಪನಿಗೆ ಬರ್ತೀಯೇನಯ್ಯಾ?" ಎಂದ. ಈ ಸುದ್ದಿ ಅಮ್ಮನಿಗೆ ಮಾತ್ರ ಗೊತ್ತಿತ್ತು. ನನಗೆ ಸುಳಿವು ಸಿಕ್ಕಿದ್ದು ಅಣ್ಣ ಟ್ರಂಕಿನಲ್ಲಿ ಬಟ್ಟೆ ಜೋಡಿಸುವುದನ್ನು ಕಂಡಾಗ. ನನ್ನಿಂದ ಮುಚ್ಚಿಟ್ಟರಲ್ಲ ಎಂಬ ಸಿಟ್ಟು ನೆತ್ತಿಗೇರಿತು. ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲ ಒದರಿಬಿಟ್ಟೆ.

ಅಪ್ಪ ಒಂದು ದಿನಪತ್ರಿಕೆಯ ಅಚ್ಚುಕೂಟದಲ್ಲಿ ಅಕ್ಷರದ ಸೀಸದ ಮೊಳೆ ಜೋಡಿಸುವವನು. ಮುಖಕ್ಕೆ ಬಣ್ಣ ಬಳಿದುಕೊಂಡು ಕುಣಿಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಹೋಗು! ಇನ್ನೊಂದ್ಸಲ ಈ ಹೊಸ್ತಿಲು ತುಳಿದ್ರೆ ನನ್ನ ಹೆಣ ನೋಡ್ತೀಯ!" ಎಂದ. ಅಣ್ಣ ಟ್ರಂಕು ಎತ್ತಿಕೊಂಡು ಹೋದ. ಆಮೇಲೆ ಬಂದ ಅವನ ಕಾಗದಗಳನ್ನೆಲ್ಲ ಅಪ್ಪ ಒಡೆಯದೆಯೇ ಅಚ್ಚುಕೂಟಕ್ಕೆ ಒಯ್ದು, ಸೀಸ ಕರಗಿಸುವ ಒಲೆಗೆ ಹಾಕುತ್ತಿದ್ದ. ಕೆಲವು ತಿಂಗಳಲ್ಲಿ ಕಾಗದ ಬರುವುದೇ ನಿಂತಿತು. ಅಮ್ಮ ನನ್ನನ್ನು ಬೈಯಲಿಲ್ಲ. ಗುಟ್ಟಿನ ಮಾತನ್ನು ಮಾತ್ರ ನನ್ನ ಮುಂದೆ ಮತ್ತೆಂದೂ ಆಡಲಿಲ್ಲ.

ಅಣ್ಣನ ಸಿನಿಮಾಗಳು ನಮ್ಮೂರಿಗೆ ಬರತೊಡಗಿದಾಗ ಅಮ್ಮ ಹಟ ಹಿಡಿದಳು. ಅವಳನ್ನು ಒಬ್ಬಳೇ ಕಳಿಸುವ ಹಾಗಿರಲಿಲ್ಲ. ಹಿಂದೊಮ್ಮೆ ಹಿಂದಿನಿಂದ ಬಂದ ಕುದುರೆಗಾಡಿಯ ಸದ್ದು ಕೇಳದೆ ಅದಕ್ಕೆ ಸಿಕ್ಕಿ ಮಂಡಿ ಮುರಿದುಕೊಂಡಿದ್ದಳು. ನಾನು ಒಬ್ಬ ದರ್ಜಿಗೆ ಮನೆಯಲ್ಲೇ ಕೂತು ಶರ್ಟುಗಳಿಗೆ ಕಾಜಾ ಹೊಲಿದು ಕೊಡುತ್ತಿದ್ದೆ. ಶನಿವಾರ ಮಧ್ಯಾಹ್ನ, "ಬಟ್ಟೆ ಕೊಟ್ಟು ಬರ್ತೀವಿ" ಎಂದು ಅಪ್ಪನಿಗೆ ಸುಳ್ಳು ಹೇಳಿ ಇಬ್ಬರೂ ಹೋಗುತ್ತಿದ್ದೆವು. ಅಮ್ಮನಿಗೆ ಮುಂದಿನ ಬೆಂಚೇ ಬೇಕು. ಅಲ್ಲಿ ಕೂತರೆ ಪರದೆಯ ಮೇಲಿನ ಮೂಗು ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ನನ್ನ ಕತ್ತು ಹಿಡಿದುಕೊಳ್ಳುತ್ತಿತ್ತು. ಸಾಲದ್ದಕ್ಕೆ ಅಮ್ಮ ನಗುವ ಕಡೆ ಅಳುತ್ತಿದ್ದಳು, ಅಳುವ ಕಡೆ ನಗುತ್ತಿದ್ದಳು. ಒಂದು ಚಿತ್ರದಲ್ಲಿ ಅಣ್ಣ ಎದೆಗೆ ಗುಂಡು ತಗುಲಿ, ಹೆಂಡತಿಗೆ ಕೊನೆಯ ಮಾತು ಹೇಳುತ್ತ ಸಾಯುತ್ತಾನೆ. ಇಡೀ ಥಿಯೇಟರು ಮೂಗು ಒರೆಸಿಕೊಳ್ಳುತ್ತಿದ್ದರೆ ಅಮ್ಮ ಕಿಸಕ್ಕನೆ ನಕ್ಕಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಣ್ಣ ಸಾಯುತ್ತ ಹೇಳಿದ್ದು ಅಪ್ಪನ ಗೊರಕೆಯ ವಿಷಯವಂತೆ! ಅದೂ ಆಮೇಲೆ ಗೊತ್ತಾದದ್ದು.

ಅವನ ಬಾಯಲ್ಲಿ ಏನು ಬಂದರೂ ಕಂಪನಿಯವರಿಗೆ ಚಿಂತೆಯಿರಲಿಲ್ಲ. ಮಾತನ್ನು ಅವರು ಆಮೇಲೆ ಅಕ್ಷರದಲ್ಲಿ ಸೇರಿಸುತ್ತಿದ್ದರು. ಹಿಂದಿನ ಸಾಲಿನ ಸೈನಿಕನಾಗಿದ್ದವನು ನಾಯಕನ ಗೆಳೆಯನಾದ, ಕೊನೆಗೆ ನಾಯಕನೇ ಆದ. ಕ್ಯಾಮೆರಾವನ್ನೇ ದಿಟ್ಟಿಸಿ ಮಾತಾಡುವುದು ಅವನ ಹೆಗ್ಗುರುತಾಯಿತು. "ನೋಡುವ ಪ್ರತಿಯೊಬ್ಬರಿಗೂ ತಮ್ಮೊಬ್ಬರಿಗೇ ಹೇಳಿದಂತೆ ಭಾಸವಾಗುತ್ತದೆ" ಎಂದು ಪತ್ರಿಕೆಯೊಂದು ಹೊಗಳಿತು. ಅವನು ನಿಜಕ್ಕೂ ಒಬ್ಬರಿಗೇ ಹೇಳುತ್ತಿದ್ದ. ಆ ಒಬ್ಬರ ಪಕ್ಕದಲ್ಲಿ ನಾನು ಕತ್ತು ಉಜ್ಜಿಕೊಳ್ಳುತ್ತ ಕೂತಿರುತ್ತಿದ್ದೆ.

ಒಂಬತ್ತನೆಯ ವರ್ಷ ಅವನ ಹೊಸ ಚಿತ್ರ ಬಂತು. ಒಂದೇ ವಾರದ ಆಟ, ಆಮೇಲೆ ಮಾತಾಡುವ ಸಿನಿಮಾದ ಯಂತ್ರ ಕೂರಿಸಲು ಥಿಯೇಟರು ಮುಚ್ಚುತ್ತದೆ ಎಂದು ಗೋಡೆಯ ಮೇಲೆ ಹಾಕಿದ್ದರು. ನನಗೆ ಅದೇ ವಾರ ಹನ್ನೆರಡು ಡಜನ್ ಶರ್ಟು ಬಂದಿದ್ದವು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ತೂತು. ಅಮ್ಮ ಮೂರು ದಿನ ಗೋಗರೆದಳು.

"ಬೇಗ ಬಂದ್ಬಿಡೋಣ ಕಣೇ. ನಾನೂ ಗುಂಡಿ ಹಚ್ಚಿಕೊಡ್ತೀನಿ."

ನಾನು ಅವಳ ಗಲ್ಲ ಹಿಡಿದು ಮುಖ ನನ್ನ ಕಡೆ ತಿರುಗಿಸಿಕೊಂಡೆ, ಒಂದಕ್ಷರವೂ ತಪ್ಪಬಾರದು ಅಂತ. "ಇನ್ನೊಂದ್ಸಲ ಸಿನಿಮಾ ಅಂದ್ರೆ ಅಪ್ಪನಿಗೆ ಹೇಳಿಬಿಡ್ತೀನಿ. ನಾನು ಹೇಳೋಳೇ ಅಂತ ನಿನಗೆ ಗೊತ್ತು."

ಅಮ್ಮನಿಗೆ ಗೊತ್ತಿತ್ತು. ತೆಪ್ಪಗೆ ಸೂಜಿದಾರ ತೆಗೆದುಕೊಂಡು ನನ್ನ ಪಕ್ಕ ಕೂತಳು. ಶನಿವಾರ ಕಳೆಯಿತು, ಭಾನುವಾರವೂ ಇಬ್ಬರೂ ಕೂತು ಹೊಲಿದೆವು. ವಾರ ಮುಗಿದು ಥಿಯೇಟರು ಮುಚ್ಚಿತು.

ಅದಾಗಿ ಒಂದೂವರೆ ತಿಂಗಳಿಗೆ ಅಪ್ಪ ಇದ್ದಕ್ಕಿದ್ದಂತೆ ಮೀಸೆ ಬೋಳಿಸಿಕೊಂಡು ಬಂದ. ನಾವು ಬಿದ್ದು ಬಿದ್ದು ನಕ್ಕೆವು. "ಸೀಸದ ಪುಡಿ ಅಂಟ್ಕೊಳ್ಳುತ್ತೆ" ಎಂದಷ್ಟೇ ಹೇಳಿದ. ಬೋಳು ತುಟಿಯಲ್ಲಿ ಆ ಮನುಷ್ಯ ಯಾರೋ ನೆಂಟನ ಹಾಗೆ ಕಾಣುತ್ತಿದ್ದ. ಊಟದ ಹೊತ್ತಿಗೆ ಅಮ್ಮನ ಎದುರು ಕೂತು ಬಾಯಿ ತೆರೆಯುವುದು, ಮುಚ್ಚುವುದು, ಎದ್ದು ಹೋಗುವುದು. ವಯಸ್ಸಾಯಿತು, ಅರಳುಮರಳು ಅಂದುಕೊಂಡೆ.

ಥಿಯೇಟರು ಮತ್ತೆ ತೆರೆಯಿತು. ಬಂದ ಮಾತಿನ ಸಿನಿಮಾಗಳಲ್ಲಿ ಅಣ್ಣ ಎಲ್ಲೂ ಇರಲಿಲ್ಲ. ಅಮ್ಮ ಕಿಟಕಿಯಲ್ಲಿ ನಿಲ್ಲುವುದನ್ನೂ ಬಿಟ್ಟಳು. ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಹೀಗೆ ನಾಲ್ಕು ತಿಂಗಳಾದ ಮೇಲೆ, ರೈಲ್ವೆ ಗೋದಾಮಿನ ಹಿಂದಿನ ಹಳೇ ತಗಡಿನ ಹಾಲಿನಲ್ಲಿ ಆ ತಪ್ಪಿಹೋದ ಚಿತ್ರ ಒಂದು ದಿನದ ಮಟ್ಟಿಗೆ ಬಂದಿದೆ ಎಂದು ದರ್ಜಿ ಹೇಳಿದ. ನಾನೇ ಅಮ್ಮನನ್ನು ಕರೆದುಕೊಂಡು ಹೋದೆ. ಮುಂದಿನ ಬೆಂಚಿನಲ್ಲೇ ಕೂರಿಸಿದೆ.

ಅಲ್ಲಿ ಓದಿ ಹೇಳುವವನಿರಲಿಲ್ಲ, ಚಿತ್ರದ ಜೊತೆಗೆ ನುಡಿಸುವ ಪಿಯಾನೋ ಇರಲಿಲ್ಲ. ಹತ್ತಿಪ್ಪತ್ತು ಜನ, ಯಂತ್ರದ ಕಟಕಟ ಸದ್ದು, ಅಷ್ಟೇ. ಅಣ್ಣ ಸೆರೆಮನೆಯ ಸರಳುಗಳ ಹಿಂದೆ ಬಂದು ನಿಂತ. ಕೆನ್ನೆ ಒಳಸೇರಿತ್ತು. ಅದು ಬಣ್ಣವೆಂದೇ ತಿಳಿದೆ. ಅವನು ನಮ್ಮ ಕಡೆ ನೋಡಿ ಮಾತಾಡತೊಡಗಿದ. ಆಗ ಪಕ್ಕದಲ್ಲಿ ಅಮ್ಮನ ದನಿ ಕೇಳಿಸಿತು.

"ಅಮ್ಮಾ" ಎಂದಳು. ಹೆದರಿ ತನ್ನ ತಾಯಿಯನ್ನು ಕರೆಯುತ್ತಿದ್ದಾಳೆ ಅಂದುಕೊಂಡೆ. ಆದರೆ ಅವಳ ಕಣ್ಣು ಪರದೆ ಬಿಟ್ಟು ಕದಲಿರಲಿಲ್ಲ.

"ಅಮ್ಮಾ, ಇದೇ ನನ್ನ ಕೊನೇ ಸಿನಿಮಾ. ಇನ್ಮೇಲೆ ಅವರು ಬರೆದಿದ್ದನ್ನೇ ಹೇಳ್ಬೇಕು. ಹೇಳೋಕೆ ನನಗೆ ದನೀನೂ ಇಲ್ಲ, ಕೆಮ್ಮಿದ್ರೆ ರಕ್ತ ಬರ್ತಿದೆ. ಈ ಚಿತ್ರ ನಮ್ಮೂರಿಗೆ ಬಂದ ವಾರ, ಭಾನುವಾರ, ನಾನೂ ಬರ್ತೀನಿ. ಮನೆಗಲ್ಲ. ಸ್ಟೇಷನ್ನಲ್ಲಿ ದೊಡ್ಡ ಗಡಿಯಾರದ ಕೆಳಗೆ ನಿಂತಿರ್ತೀನಿ. ಒಂದೇ ಒಂದ್ಸಲ ಬಾ. ಬರ್ದಿದ್ರೆ, ನಿನಗೂ ನಾನು ಬೇಡ ಅಂದ್ಕೊಳ್ತೀನಿ."

ಅಣ್ಣನ ತುಟಿಯೂ ಅಮ್ಮನ ತುಟಿಯೂ ಒಟ್ಟೊಟ್ಟಿಗೆ ಆಡುತ್ತಿದ್ದವು. ಪರದೆಯ ಮೇಲೆ ಅಕ್ಷರ ಬಂತು: "ಪ್ರಿಯೆ, ನನ್ನನ್ನು ಮರೆತುಬಿಡು." ಹಿಂದಿನಿಂದ ಯಾರೋ "ಶ್!" ಎಂದರು. ಮಂಡಿ ನೀವಿಕೊಂಡದ್ದು, ಸಾವಿಗೆ ನಕ್ಕದ್ದು, ಮುಂದಿನ ಬೆಂಚು, ಒಂಬತ್ತು ವರ್ಷದ್ದೆಲ್ಲ ಒಟ್ಟಿಗೇ ಬಂದು ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಪಕ್ಕದಲ್ಲೇ ಅವರಿಬ್ಬರೂ ಮಾತಾಡಿಕೊಂಡಿದ್ದರು!

"ಯಾವ ಭಾನುವಾರ?" ಅಮ್ಮ ಗಟ್ಟಿಯಾಗಿ ಕೇಳಿದಳು. "ಯಾವ ಭಾನುವಾರ ಅದು?"

ಅಲ್ಲಿಂದ ಸ್ಟೇಷನ್ನಿಗೆ ಐದು ನಿಮಿಷ. ಕುಂಟುವ ಅಮ್ಮ ನನ್ನನ್ನೇ ಎಳೆದುಕೊಂಡು ಹೋದಳು. ಗಡಿಯಾರದ ಕೆಳಗೆ ಒಬ್ಬ ಮುದುಕಿ ಗಂಟುಮೂಟೆ ಇಟ್ಟುಕೊಂಡು ಕೂತಿದ್ದಳು. ಎದುರಿಗೇ ಸಾಮಾನು ಇಟ್ಟುಕೊಳ್ಳುವ ಕೋಣೆ. ಅಲ್ಲಿಯ ಗುಮಾಸ್ತನನ್ನು ಕೇಳಿದೆ. ಅವನಿಗೆ ಚೆನ್ನಾಗಿ ನೆನಪಿತ್ತು.

"ಆ ಸಿನಿಮಾದವರು ತಾನೆ? ಬೆಳಗ್ಗೆ ಮೊದಲ ಗಾಡಿಗೆ ಇಳಿದ್ರು. ಜನ ಮುತ್ಕೊಂಡಿದ್ರು. ಪಾಪ, ಒಂದೇ ಸಮ ಕೆಮ್ಮು. ಕುರ್ಚಿ ಕೊಟ್ಟೆ, ಕೂರಲಿಲ್ಲ. ಕೂತ್ರೆ ಅಮ್ಮನಿಗೆ ದೂರದಿಂದ ನನ್ನ ಮುಖ ಕಾಣಲ್ಲ ಅಂದ್ರು. ಸಂಜೆ ಗಾಡಿಗೆ ಹೊರಟ್ರು."

ಅಮ್ಮ ಅವನ ತುಟಿಯನ್ನೇ ನೋಡುತ್ತಿದ್ದಳು. ನಾನು ದಾಟಿಸಿ ಹೇಳುವ ಅಗತ್ಯವಿರಲಿಲ್ಲ. ನಮ್ಮ ಮನೆಗೆ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಆ ಭಾನುವಾರ ಅವಳು ನನ್ನ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದಳು.

ಮನೆಗೆ ಬಂದರೆ ಅಪ್ಪ ಮೇಜಿನ ಮುಂದೆ ಕೂತಿದ್ದ. ನನ್ನ ತಪ್ಪು ನನ್ನನ್ನು ಸುಡುತ್ತಿದ್ದರೂ ಬೆಂಕಿ ಹಾರಿದ್ದು ಅವನ ಮೇಲೆ. ಎಲ್ಲ ಕೂಗಿ ಹೇಳಿದೆ. ಸಿನಿಮಾ, ಸ್ಟೇಷನ್ನು, ರಕ್ತ. "ಈಗ್ಲಾದ್ರೂ ಹೋಗಿ ಅವನನ್ನ ಕರ್ಕೊಂಡು ಬಾ! ನಿನ್ನ ಆಣೆಗಿಷ್ಟು ಬೆಂಕಿ ಹಾಕ! ಯಾವ ಆಸ್ಪತ್ರೇಲಿದಾನೋ ಹುಡುಕು!"

ಅಪ್ಪ ನನ್ನನ್ನು ನೋಡಲಿಲ್ಲ. ಮೇಜಿನ ಮೇಲೆ ಬೆರಳುಗಳು ಮೊಳೆ ಹೆಕ್ಕುವ ಹಾಗೆ ಆಡುತ್ತಿದ್ದವು.

"ಎರಡೇ ಸಾಲು" ಎಂದ. "ಮಾಜಿ ನಟ ಕ್ಷಯದಿಂದ ನಿಧನ. ಅಷ್ಟೇ ಬಂದಿತ್ತು ಸುದ್ದಿ. ಆವತ್ತಿನ ಪತ್ರಿಕೆ ನಾನು ಮನೆಗೆ ತರ್ಲಿಲ್ಲ. ಆ ಮೊಳೆ ಜೋಡಿಸಿದ್ದು ನಾನೇ. ಅವನ ಹೆಸರಿನ ಒಂದೊಂದು ಅಕ್ಷರಾನೂ ನಾನೇ ಎತ್ತಿಟ್ಟೆ."

ಅವನ ಕೈ ಮೀಸೆಯಿದ್ದ ಜಾಗಕ್ಕೆ ಹೋಯಿತು.

"ಅವಳಿಗೆ ನಾನೇ ಹೇಳ್ಬೇಕು, ನಿನ್ನ ಕೈಲಿ ಹೇಳಿಸ್ಬಾರ್ದು ಅಂತ ಮೀಸೆ ತೆಗೆದೆ. ದಿನಾ ಎದುರಿಗೆ ಕೂತೆ. ಬಾಯೇ ಬರ್ಲಿಲ್ಲ ಕಣೇ."

ತಿರುಗಿ ನೋಡಿದೆ. ಬಾಗಿಲ ಬಳಿ ಅಮ್ಮ ನಿಂತಿದ್ದಳು. ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಸಲ ಅಪ್ಪನ ಬಾಯಿಯನ್ನು ಕೊನೆಯ ಅಕ್ಷರದವರೆಗೂ ಓದಿ ಮುಗಿಸಿದ್ದಳು. ಹೋಗಿ ಅಪ್ಪನ ಎದುರು ಕೂತು, ಅವನ ಬೋಳು ತುಟಿಯ ಮೇಲೆ ಕೈಯಿಟ್ಟು ಮುಚ್ಚಿದಳು. ಅಪ್ಪ ಆ ಕೈಯೊಳಗೇ ಅತ್ತ.

ಅನೇಕ ದಿನ ನನಗೆ ಸೂಜಿ ಹಿಡಿಯಲಾಗಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಕಿಟಕಿಯಲ್ಲಿ ನಿಂತಿದ್ದಾಗ ಅವಳ ಎದುರಿಗೆ ಹೋಗಿ ನಿಂತೆ. ಕೇಳಬಾರದಿತ್ತು, ಕೇಳಿಬಿಟ್ಟೆ.

"ಒಂಬತ್ತು ವರ್ಷದಲ್ಲಿ ನನ್ನ ವಿಚಾರ ಒಂದ್ಸಲಾನಾದ್ರೂ ಏನಾದ್ರೂ ಹೇಳಿದ್ನಾ?"

"ಪ್ರತಿ ಸಿನಿಮಾದಲ್ಲೂ ಹೇಳ್ತಿದ್ದ. ಕೊನೇಲಿ."

"ಏನಂತ?"

ಅಮ್ಮ ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಅಣ್ಣ ಹೇಳುತ್ತಿದ್ದ ಹಾಗೆಯೇ, ದನಿಯಿಲ್ಲದೆ, ಬರೀ ತುಟಿ ಆಡಿಸಿದಳು. ತುಟಿ ಓದಲು ನಾನು ಎಂದೂ ಕಲಿತವಳಲ್ಲ. ಆದರೂ ಓದಿದೆ.

"ತಂಗಿಗೆ ಹೇಳ್ಬೇಡ."