ದುಃಖದ ಮುಯ್ಯಿ

ಮುಟ್ಟಳ್ಳಿಯ ಮಾಸ್ತಿ ನಾಯ್ಕನ ಮಗ ವೆಂಕ್ಟ್ರಮಣ ಕುಮಟೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾನೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಏನು ಓದುತ್ತಿದ್ದಾನೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮನಶ್ಶಾಸ್ತ್ರ ಎಂದು ಅವನು ಹೇಳಿದಾಗ ಪಕ್ಕದ ಜಾಲಿ ಊರಿನ ಕಿರಾಣಿ ಅಂಗಡಿಯ ಮಹಾಬಲ, ಅದನ್ನು ಕಲಿತವರು ವಕೀಲರಾಗುತ್ತಾರೋ ಡಾಕ್ಟರಾಗುತ್ತಾರೋ ಎಂದು ಕೇಳಿದ. ಎರಡೂ ಅಲ್ಲ, ಕಷ್ಟದಲ್ಲಿರುವ ಜನರ ಸೇವೆ ಮಾಡುತ್ತಾರೆ ಎಂದಾಗ ಮಹಾಬಲ ಮರ್ಯಾದೆಗೆ ತಲೆಯಾಡಿಸಿ, ಬೆಲ್ಲ ತೂಗಲು ಎದ್ದುಹೋದ.

ತಾಯಿ ಹೊನ್ನಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ. “ಮನ್ಸು ಓದೂದಡ! ಬೆಳಿಗ್ಗಿಂದ ನಂಗೆ ತಲೆನೋವು. ಅದು ಓದೂಕೆ ಬರ್ಲಿಲ್ಲ ನಿಂಗೆ,” ಎಂದು ಮೊರದಲ್ಲಿ ಅಕ್ಕಿ ಗೇರುತ್ತ ಹೇಳುವಳು. ಊರು ನಕ್ಕರೆ ವೆಂಕ್ಟ್ರಮಣನಿಗೆ ಏನೂ ಅನ್ನಿಸುತ್ತಿರಲಿಲ್ಲ. ಅವ್ವೆ ನಕ್ಕರೆ ಮಾತ್ರ ಊಟ ಸೇರುತ್ತಿರಲಿಲ್ಲ. ಪಾಸಾಗುವುದು, ನೌಕರಿ ಹಿಡಿಯುವುದು ಎಲ್ಲ ಆಮೇಲಿನ ಮಾತು. ತನ್ನ ಓದೂ ಒಂದು ಓದೇ ಎಂಬುದು ಅವಳ ಬಾಯಿಂದ ಒಮ್ಮೆ ಬರಬೇಕು, ಅದೊಂದೇ ಅವನ ಹಟ.

ಕೊನೆಯ ವರ್ಷ ಲಿಂಗಪ್ಪ ಎಂಬ ಪ್ರೊಫೆಸರು ಧಾರವಾಡದ ಕಡೆಯಿಂದ ಬಂದರು. ಬಂದವರೇ ಹುಡುಗರನ್ನು ಪುಸ್ತಕದಿಂದ ಎಬ್ಬಿಸಿ ಹಳ್ಳಿಗೆ ಅಟ್ಟಿದರು. ದುಃಖದಲ್ಲಿರುವ ಒಬ್ಬರನ್ನು ಹುಡುಕಬೇಕು, ವಾರ ವಾರ ಹೋಗಿ ಕೂತು ಅವರ ಮಾತು ಕೇಳಬೇಕು, ಕೇಳಿದ್ದನ್ನು ವರದಿ ಬರೆಯಬೇಕು. ಸ್ವಂತ ಊರಿನವರಾಗಕೂಡದು, ನೆಂಟರಂತೂ ಆಗಲೇಕೂಡದು. “ನೋಡ್ರಿ ತಮ್ಮಾ, ಉಪದೇಶ ಮಾಡಬ್ಯಾಡ್ರಿ. ಸುಳ್ಳು ಸಮಾಧಾನ ಹೇಳಬ್ಯಾಡ್ರಿ. ನಿಮ್ಮ ಕತಿ ಅವರ ಮುಂದ ಬಿಚ್ಚಬ್ಯಾಡ್ರಿ. ಅವರು ಏನಂತಾರ ಅದನ್ನ ಅವರಿಗೇ ತಿರುಗಿ ಹೇಳ್ರಿ, ಸಾಕು,” ಎಂದು ಕಟ್ಟಪ್ಪಣೆ ಮಾಡಿದರು.

ವೆಂಕ್ಟ್ರಮಣನಿಗೆ ಕಾಗಾಲದಲ್ಲಿ ತಿಮ್ಮಿ ಎಂಬ ಹೆಂಗಸು ಸಿಕ್ಕಳು. ಅವಳ ಮಗ ಹಮ್ಮ ಚಿಪ್ಪಿ ಹೆಕ್ಕಲು ಹೊಳೆಗಿಳಿದವನು ಮೇಲೆ ಬಂದಿರಲಿಲ್ಲ. ಅದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತಿಮ್ಮಿ ಬದನೆಗಿಡಕ್ಕೆ ನೀರು ಹಾಕಿ ಬಂದು ಜಗಲಿಯಲ್ಲಿ ಕೂತಳು.

“ಮಗ ಹೋದ,” ಎಂದಳು.

“ಮಗ ಹೋದ,” ಎಂದು ಇವನೂ ಅಂದ.

“ಹೊಳೆ ತಕಂಡೋತು.”

“ಹೊಳೆ ತಗೊಂಡು ಹೋಯಿತು.”

ತಿಮ್ಮಿ ಅವನ ಮುಖ ನೋಡಿದಳು. ಪಾಪ, ಕಿವಿ ಮಂದ ಅನ್ನಿಸಿರಬೇಕು. ಮುಂದಿನದನ್ನೆಲ್ಲ ಕೂಗಿ ಹೇಳಿದಳು.

ಮುಂದಿನ ವಾರ ಮಗನ ಹೆಸರು ಹಿಡಿದು, ಹಾಡಿನಂತೆ ಎಳೆದು ಎಳೆದು ಅತ್ತಳು. ವೆಂಕ್ಟ್ರಮಣ ಕಲಿಸಿದ ಹಾಗೆಯೇ ಅಲುಗದೆ ಕೂತ. ಅತ್ತು ಮುಗಿದ ಮೇಲೆ ತಿಮ್ಮಿ ಕಣ್ಣೊರೆಸಿಕೊಂಡು, “ಆತು. ಈಗ ನಿಂದು ಹೇಳು,” ಎಂದಳು.

“ನಂದಾ? ನಂದೇನೂ ಇಲ್ಲ, ತಿಮ್ಮಕ್ಕಾ.”

“ಹಾಂಗಾರೆ ನಂದು ಎಂತಕ್ಕೆ ಕೇಳ್ದೆ?”

ಆ ಕೇರಿಯಲ್ಲಿ ನಾಟಿಗೆ ನೀವು ನನ್ನ ಗದ್ದೆಗೆ ಬಂದರೆ ನಾನು ನಿಮ್ಮ ಗದ್ದೆಗೆ ಬರಬೇಕು. ಅದು ಮುಯ್ಯಿ. ದುಃಖಕ್ಕೂ ಅದೇ ಕಟ್ಟಳೆ. ಇನ್ನೊಬ್ಬರದನ್ನು ಕೇಳಿದವನು ತನ್ನದನ್ನೂ ಹೇಳಬೇಕು. ಕೇಳಿ ಸುಮ್ಮನೆ ಎದ್ದುಹೋಗುವವನು ಮದುವೆಮನೆಯಲ್ಲಿ ಉಂಡು ಯಾರಿಗೂ ಹೇಳದೆ ನಡೆದವನಿಗೆ ಸಮ. ಅದರ ಮುಂದಿನ ವಾರ ತಿಮ್ಮಿ ಕುಡಿಯಲು ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಮಾತು ಕೊಡಲಿಲ್ಲ.

ವರದಿ ಎರಡು ಪುಟವೂ ಆಗಿರಲಿಲ್ಲ. ವೆಂಕ್ಟ್ರಮಣ ಕುಮಟೆಯ ಬಾಡಿಗೆ ಕೋಣೆಯಲ್ಲಿ ಕೂತು ತನಗೊಂದು ದುಃಖ ಹುಡುಕಿದ. ಅಪ್ಪ, ಅವ್ವೆ ಗಟ್ಟಿಮುಟ್ಟಾಗಿದ್ದರು. ಮಾರ್ಕಿಗಾಗಿ ಅವರನ್ನು ಸಾಯಿಸಲು ಮನಸ್ಸು ಬರಲಿಲ್ಲ. ಒಡಹುಟ್ಟಿದವರು ಯಾರೂ ಇಲ್ಲ. ಇದ್ದರು ಎಂದು ಹೇಳಿ ಸಾಯಿಸೋಣವೆಂದರೆ ಹೆಸರೇನು, ರೋಗವೇನು ಎಂದು ಕೇಳುತ್ತಾರೆ. ಕೊನೆಗೆ, ತಾನು ಹುಟ್ಟುವ ಮೊದಲೇ ಹುಟ್ಟಿ, ಹುಟ್ಟಿದ ಕೂಡಲೇ ಹೋದ ಒಬ್ಬ ಅಕ್ಕನನ್ನು ಮಾಡಿಕೊಂಡ. ಹೆಸರಿಡುವ ತ್ರಾಸೂ ಇಲ್ಲದ ಅಗ್ಗದ ಅಕ್ಕ.

ಕೇಳಿ ತಿಮ್ಮಿ ಗಳಗಳನೆ ಅತ್ತಳು. ಅವಳನ್ನು ನೋಡಿ ಇವನ ಕಣ್ಣಲ್ಲೂ ನೀರು ಬಂತು. ಇಷ್ಟು ಚೆನ್ನಾಗಿ ಅಳಲು ಬರುತ್ತದಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. “ಹೆತ್ತವ್ಳು ಇದ್ಲಾ? ಯಾವೂರು?” ಎಂದು ತಿಮ್ಮಿ ಕೇಳಿದಳು. ಭಟ್ಕಳದ ಹತ್ತಿರದ ಮುಟ್ಟಳ್ಳಿ ಎಂದ. ಊರಿನ ಹೆಸರು ಹೇಳಿದರೆ ಏನು ಗಂಟು ಹೋಗುತ್ತದೆ? ಅಂದಿನಿಂದ ತಿಮ್ಮಿ ಮನಸ್ಸು ಬಿಚ್ಚಿ ಮಾತಾಡಿದಳು.

ವರದಿಯಲ್ಲಿ ಅಕ್ಕನ ಸುದ್ದಿ ಬರಲಿಲ್ಲ. ‘ಸೂಕ್ತ ವಿಧಾನದಿಂದ ವಿಶ್ವಾಸ ಗಳಿಸಲಾಯಿತು’ ಎಂದು ಬರೆದ. ಲಿಂಗಪ್ಪನವರು ಆ ಸಾಲನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ವಿಶ್ವಾಸ ಗಳಿಸೂದು ಅಂದ್ರ ಹಿಂಗ ನೋಡ್ರಿ ಎಂದು, ಎಲ್ಲರಿಗಿಂತ ಹೆಚ್ಚು ಮಾರ್ಕು ಕೊಟ್ಟರು.

ರಜೆ ಬಿದ್ದದ್ದೇ ವೆಂಕ್ಟ್ರಮಣ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದ. ಹೊನ್ನಿ ಅನ್ನ ಬಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

“ಒಂದು ಹೆಂಗ್ಸಿನ ಅಳ್ಸಿದ್ದಕ್ಕೆ ಮಾರ್ಕು ಕೊಡ್ತ್ರಾ?”

“ಅಳ್ಸೂದಲ್ಲ ಅವ್ವೆ, ಕೇಳೂದು.”

“ಕೇಳೂಕೆ ಕಾಲೇಜು ಬೇಕಾ?”

ವೆಂಕ್ಟ್ರಮಣ ಅನ್ನ ಬಿಟ್ಟು ಎದ್ದ. ಮೊದಲ ಸ್ಥಾನ ಬಂದರೂ ಒಪ್ಪದವಳಿಗೆ ಇನ್ನೇನು ತಂದು ತೋರಿಸುವುದು?

ಮರುದಿನ ಮಧ್ಯಾಹ್ನ ಅಂಗಳದಲ್ಲಿ ತಿಮ್ಮಿ ನಿಂತಿದ್ದಳು. ಜೊತೆಗೆ ಅವಳ ಕೇರಿಯ ಇಬ್ಬರು ಹೆಂಗಸರು. ಬಸ್ಸು ಹತ್ತಿ, ಹೊನ್ನಾವರದಲ್ಲಿ ಲಾಂಚಿನಲ್ಲಿ ಹೊಳೆ ದಾಟಿ, ಮತ್ತೆ ಬಸ್ಸು ಹಿಡಿದು, ಕಾಲೇಜು ಓದುವ ಹುಡುಗನ ಮನೆ ಯಾವುದೆಂದು ಕೇಳಿಕೊಂಡು ಬಂದಿದ್ದರು. ಕೈಯಲ್ಲಿ ಒಂದು ಕಾಯಿ, ಒಂದಿಷ್ಟು ಅಕ್ಕಿ, ಬದನೆಕಾಯಿ. ಮುಯ್ಯಿಯ ಉಳಿದರ್ಧ ಇದು. ಅವನು ಅವಳ ಮನೆಗೆ ಬಂದು ದುಃಖ ಕೇಳಿದ ಮೇಲೆ ಅವಳೂ ಅವನ ಮನೆಗೆ ಹೋಗಿ ಅತ್ತು ಬರಬೇಕು. ಇದನ್ನು ವೆಂಕ್ಟ್ರಮಣನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಅವನು ಅಂಗಳಕ್ಕೆ ಓಡಿದ. “ತಿಮ್ಮಕ್ಕಾ, ಕೂರಿ, ಆಸರಿ ಕುಡೀರಿ,” ಎಂದು ಅಡ್ಡ ಹೋಗುವಷ್ಟರಲ್ಲಿ ತಿಮ್ಮಿ ಹೊನ್ನಿಯ ಎರಡೂ ಕೈ ಹಿಡಿದಾಗಿತ್ತು. “ತಂಗೀ, ನಿನ್ನ ಹೆಣ್ಣುಕೂಸು ಹೋದ್ದು ನಂಗೆ ಈಗ ಗೊತ್ತಾತು. ತಡ ಆತು ಅಂತ ಬರೂದು ಬಿಡೂಕೆ ಆತದ್ಯಾ?”

ಅವ್ವೆ ಈಗ ನಗುತ್ತಾಳೆ, ಇಲ್ಲವೇ ಕಸಬರಿಗೆ ತೆಗೆದುಕೊಳ್ಳುತ್ತಾಳೆ ಎಂದು ವೆಂಕ್ಟ್ರಮಣ ಕಾದ. ಹೊನ್ನಿ ಎರಡೂ ಮಾಡಲಿಲ್ಲ. ಮಗನನ್ನು ನೋಡಿದಳು, ಗಂಡನನ್ನು ನೋಡಿದಳು. ಜಗಲಿಯಲ್ಲಿದ್ದ ಮಾಸ್ತಿ ಹೆಗಲ ವಸ್ತ್ರ ಎತ್ತಿಕೊಂಡು ತೆಂಗಿನಮರಗಳ ಕಡೆ ಹೋಗಿಬಿಟ್ಟ. ಹೊನ್ನಿ ಗುರುತಿಲ್ಲದ ಆ ಹೆಂಗಸಿನ ಹೆಗಲಿಗೆ ತಲೆಯಿಟ್ಟು ಕೂಗಿ ಅತ್ತಳು. ಅವ್ವೆ ಹಾಗೆ ಅತ್ತದ್ದನ್ನು ವೆಂಕ್ಟ್ರಮಣ ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಕೂಸು ಸಾಯದ ಮನೆ ಆ ಕಾಲದಲ್ಲಿ ಎಷ್ಟಿದ್ದವು? ಮನುಷ್ಯನ ಮನಸ್ಸಿನ ಮೇಲೆ ಅಷ್ಟು ದಪ್ಪ ಪುಸ್ತಕ ಬಾಯಿಪಾಠ ಮಾಡಿದ ಮಹಾಶಯನಿಗೆ ಇಷ್ಟು ಹೊಳೆಯಬಾರದಿತ್ತೇ? ಹೆಸರಿಡದ ಕೂಸಿಗೆ ಯಾರು ಅಳುತ್ತಾರೆ ಎಂದು ಒಬ್ಬರೂ ಹೊನ್ನಿಯ ಬಾಗಿಲಿಗೆ ಬಂದಿರಲಿಲ್ಲ. ವೆಂಕ್ಟ್ರಮಣನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಸ್ವಲ್ಪ ಹೊತ್ತಿನ ಮೇಲೆ ಹೊನ್ನಿ ಅವನನ್ನು ಅಡುಗೆಕೋಣೆಗೆ ಕರೆದಳು.

“ಯಾರು ಹೇಳ್ದ್ರು ನಿಂಗೆ? ನಿನ್ನಪ್ಪನಾ?”

“ಅಲ್ಲ.”

“ಮತ್ಯಾರು? ತವರಲ್ಲಿ ಆದ್ದು ಅದು. ಹೆಣ್ಣೋ ಗಂಡೋ ಅಂಬುದು ಈ ಊರಲ್ಲಿ ನಿನ್ನಪ್ಪನ ಬಿಟ್ರೆ ಯಾರಿಗೂ ಗೊತ್ತಿಲ್ಲ.”

ಸುಳ್ಳು ಹೇಳಿದೆ ಅವ್ವೆ, ಎನ್ನಲು ಬಾಯಿ ತೆರೆದ. ಬಂದದ್ದು ಬೇರೆ. “ಯಾರೂ ಹೇಳ್ಲಿಲ್ಲ.” ಅದೂ ಖರೆಯೇ.

ಹೊನ್ನಿ ಅವನನ್ನೇ ನೋಡುತ್ತ ನಿಂತಳು. ಅಷ್ಟು ಗೌರವದಿಂದ ಅವಳು ಮಾಮಲೇದಾರನನ್ನೂ ನೋಡಿದವಳಲ್ಲ. “ಹಾಂಗಾರೆ ನಿನ್ನ ಓದು ಖರೇನೇ ಓದು,” ಎಂದಳು. “ನನ್ನ ಮನ್ಸಲ್ಲಿದ್ದದ್ದು ನಿಂಗೆ ಕಂಡ್ತು.”

ಇಷ್ಟು ವರ್ಷ ಕಾದ ಮಾತು. ಸಿಕ್ಕಿತು, ನುಂಗಲೂ ಆಗಲಿಲ್ಲ ಉಗುಳಲೂ ಆಗಲಿಲ್ಲ.

“ಒಂದು ಹೇಳು ಮಗಾ,” ಹೊನ್ನಿಯ ದನಿ ಸಣ್ಣಗಾಯಿತು. “ಅದ್ರ ಮೊಕ ಹ್ಯಾಂಗಿತ್ತು? ಬಟ್ಟೆ ಸುತ್ತಿ ತಕಂಡೋದ್ರು. ನಂಗೆ ತೋರ್ಸ್ಲೇ ಇಲ್ಲ.”

ವೆಂಕ್ಟ್ರಮಣ ಒಲೆಯನ್ನು ನೋಡಿದ, ಅವಳನ್ನು ನೋಡಿದ. ನಿಜ ಹೇಳಿದರೆ ಆ ಕೂಸು ಇನ್ನೊಮ್ಮೆ ಸಾಯುತ್ತದೆ.

“ನಿನ್ನ ಹಾಂಗೇ ಇತ್ತು, ಅವ್ವೆ.”

ಹೊನ್ನಿ ಸೆರಗಿನಿಂದ ಮುಖ ಒರೆಸಿಕೊಂಡು ಜಗಲಿಗೆ ಹೋದಳು.

“ಕೇಳ್ದ್ಯಾ ತಿಮ್ಮಕ್ಕಾ, ನನ್ನ ಹಾಂಗೇ ಇತ್ತಡ,” ಎಂದಳು. “ನನ್ನ ಮಗ ಓದಿದವ. ಸುಳ್ಳು ಹೇಳೂದಿಲ್ಲ.”